ಅಥೆನ್ಸಿನ ಸಂಧಾನ: ಕ್ಷಮೆಯೂ ಲೆಕ್ಕವೂ

ಪರರಾಜರೊಡನೆ ನಡೆದ ಯುದ್ಧವು ಮುಗಿದ ಮೇಲೆ ಶತ್ರುಸೇನೆಯು ತನ್ನ ದೇಶಕ್ಕೆ ಹಿಂದಿರುಗುವುದು. ಅಂತಃಕಲಹದಲ್ಲಿ ಹಾಗಲ್ಲ, ಕೊಂದವರೂ ಸತ್ತವರ ಮಕ್ಕಳೂ ಒಂದೇ ಊರಿನಲ್ಲಿ, ಒಂದೇ ಬೀದಿಯಲ್ಲಿ ಬಾಳಬೇಕಾಗುವುದು. ತಪ್ಪಿತಸ್ಥರನ್ನೆಲ್ಲ ದಂಡಿಸಹೊರಟರೆ ಕಲಹವು ಮರುಕೊಳಿಸೀತು. ಎಲ್ಲರನ್ನೂ ಬಿಟ್ಟುಬಿಟ್ಟರೆ ನ್ಯಾಯವೆಂಬ ಮಾತಿಗೆ ಅರ್ಥವಿಲ್ಲದೆ ಹೋದೀತು. ಈ ಇಕ್ಕಟ್ಟಿಗೆ ಲಿಖಿತ ಕರಾರಿನ ಮೂಲಕ ಪರಿಹಾರವನ್ನು ಕಂಡುಕೊಂಡ ಪ್ರಾಚೀನ ದೃಷ್ಟಾಂತಗಳಲ್ಲಿ ಕ್ರಿ. ಪೂ. ೪೦೩ರಲ್ಲಿ ಅಥೆನ್ಸಿನ ಪೌರರು ಮಾಡಿಕೊಂಡ ಸಂಧಾನವು ಪ್ರಸಿದ್ಧವಾದುದು. ಅದನ್ನು ಮರೆವಿನ ಕಟ್ಟಳೆಯೆಂದು ವರ್ಣಿಸುವ ವಾಡಿಕೆಯುಂಟು. ಆದರೆ ಅದರ ನಿಬಂಧನೆಗಳನ್ನು ಒಂದೊಂದಾಗಿ ಪರಿಶೀಲಿಸಿದರೆ, ಅದು ಯಾರಿಗೂ ಮರೆವನ್ನು ವಿಧಿಸಲಿಲ್ಲವೆಂದೂ, ಅದರ ಬಲವೆಲ್ಲ ಅಧಿಕಾರ ನಡೆಸಿದವನು ಲೆಕ್ಕ ಒಪ್ಪಿಸಬೇಕೆಂಬ ನಿಯಮದಲ್ಲಿ ಅಡಗಿದ್ದಿತೆಂದೂ ತೋರಿಬರುವುದು.

ಈ ವಿಷಯಕ್ಕೆ ಆಧಾರಗಳು ಸಾಕಷ್ಟಿವೆ. ಕ್ಸೆನೊಫನ್ನನ ಗ್ರೀಕ್ ಇತಿಹಾಸ, ಲಿಸಿಯಸ್, ಅಂಡೊಸಿಡೀಸ್, ಐಸಾಕ್ರಟೀಸ್ ಇವರ ನ್ಯಾಯಾಲಯದ ಭಾಷಣಗಳು ಬಹುಕಾಲದಿಂದ ವಿದ್ವಾಂಸರಿಗೆ ಪರಿಚಿತವಾಗಿದ್ದುವು. ಅರಿಸ್ಟಾಟಲನ ಅಥವಾ ಅವನ ಶಿಷ್ಯವರ್ಗದ ಕೃತಿಯೆಂದು ಎಣಿಸಲಾಗುವ ‘ಅಥೆನ್ಸಿನ ರಾಜ್ಯವ್ಯವಸ್ಥೆ’ಯಾದರೋ ಶತಮಾನಗಳ ಕಾಲ ಕಣ್ಮರೆಯಾಗಿದ್ದು, ಈಜಿಪ್ಟಿನಲ್ಲಿ ದೊರೆತ ಪಪೈರಸ್ ಸುರುಳಿಗಳಿಂದ ೧೮೯೧ರಲ್ಲಿ ಮೊದಲು ಅಚ್ಚಾಯಿತು. ಸಂಧಾನದ ನಿಬಂಧನೆಗಳು ವಿವರವಾಗಿ ತಿಳಿದುಬಂದುದು ಈ ಗ್ರಂಥದಿಂದಲೇ.

೧. ಮೂವತ್ತು ಮಂದಿಯ ಆಳ್ವಿಕೆ

ಇಪ್ಪತ್ತೇಳು ವರ್ಷಗಳ ಪೆಲೊಪೊನೀಸಿಯನ್ ಯುದ್ಧದಲ್ಲಿ ಸೋತು ಅಥೆನ್ಸ್ ಕ್ರಿ. ಪೂ. ೪೦೪ರಲ್ಲಿ ಸ್ಪಾರ್ಟಾಕ್ಕೆ ಶರಣಾಯಿತು. ಸ್ಪಾರ್ಟಾದ ಸೇನಾನಿ ಲೈಸಾಂಡರನ ಒತ್ತಾಯದಿಂದ, ಪೂರ್ವಿಕರ ಕಟ್ಟಳೆಗಳನ್ನು ಬರೆದುಕೊಡುವುದಕ್ಕೆಂದು ಮೂವತ್ತು ಮಂದಿ ನೇಮಕವಾದರು. ಇವರು ಕಟ್ಟಳೆಗಳನ್ನು ಬರೆಯುವ ಕೆಲಸವನ್ನು ಬದಿಗಿರಿಸಿ ರಾಜ್ಯವನ್ನೇ ಕೈಗೆ ತೆಗೆದುಕೊಂಡರು. ಪ್ಲೇಟೋವಿನ ತಾಯಿಯ ಬಂಧುವಾದ ಕ್ರಿಟಿಯಸನು ಇವರ ಮುಂದಾಳು. ಸ್ಪಾರ್ಟಾದಿಂದ ಕಾವಲು ಪಡೆಯೊಂದು ಬಂದಿತು. ಮೂರು ಸಾವಿರ ಮಂದಿಯ ಹೆಸರುಗಳನ್ನು ಒಂದು ಪಟ್ಟಿಯಲ್ಲಿ ಬರೆದು, ಮಿಕ್ಕ ಪೌರರ ಆಯುಧಗಳನ್ನು ಕಿತ್ತುಕೊಳ್ಳಲಾಯಿತು. ಪಟ್ಟಿಯಲ್ಲಿಲ್ಲದವನನ್ನು ವಿಚಾರಣೆಯಿಲ್ಲದೆ ಕೊಲ್ಲಿಸುವ ಅಧಿಕಾರವು ಮೂವತ್ತು ಮಂದಿಯದಾಯಿತು. ಅವರಲ್ಲೇ ಒಬ್ಬನಾದ ಥೆರಾಮಿನೀಸನು ಈ ಅತಿರೇಕವನ್ನು ವಿರೋಧಿಸಲು, ಕ್ರಿಟಿಯಸನು ಅವನ ಹೆಸರನ್ನೂ ಪಟ್ಟಿಯಿಂದ ಹೊಡೆದುಹಾಕಿ ವಿಷಪಾನದಿಂದ ಕೊಲ್ಲಿಸಿದನು. ಎಂಟು ತಿಂಗಳೊಳಗೆ ಹತರಾದವರು ೧,೫೦೦ಕ್ಕೆ ಕಡಮೆಯಿಲ್ಲವೆಂದು ‘ಅಥೆನ್ಸಿನ ರಾಜ್ಯವ್ಯವಸ್ಥೆ’ ಹೇಳುತ್ತದೆ.

ಈ ಆಳ್ವಿಕೆಯ ಒಂದು ಲಕ್ಷಣವನ್ನು ಮುಖ್ಯವಾಗಿ ಗಮನಿಸತಕ್ಕದ್ದು. ಪಾಪದಲ್ಲಿ ಸಾಧ್ಯವಾದಷ್ಟು ಜನರನ್ನು ಪಾಲುಗಾರರನ್ನಾಗಿ ಮಾಡುವುದು ಅವರ ನೀತಿಯಾಗಿದ್ದಿತು. ಸಲಾಮಿಸಿನ ಲಿಯಾನನನ್ನು ಹಿಡಿದು ತರುವಂತೆ ಐವರು ಪೌರರಿಗೆ ಆಜ್ಞೆಯಾಯಿತು. ಆ ಐವರಲ್ಲಿ ಸಾಕ್ರಟೀಸನೊಬ್ಬನು. ಅವನು ಆಜ್ಞೆಯನ್ನು ಪಾಲಿಸದೆ ಮನೆಗೆ ಹೋದನು; ಉಳಿದ ನಾಲ್ವರು ಹೋಗಿ ಲಿಯಾನನನ್ನು ತಂದೊಪ್ಪಿಸಿದರು. ಹೀಗೆ ಹಿಡಿದುಕೊಟ್ಟವರು, ಚಾಡಿ ಹೇಳಿದವರು, ಅಶ್ವದಳದಲ್ಲಿ ಸೇವೆ ಮಾಡಿದವರು, ಸುಮ್ಮನೆ ಪಟ್ಟಿಯಲ್ಲಿ ಉಳಿದವರು ಎಂದು ಹೊಣೆಯು ಊರತುಂಬ ಹಂಚಿಹೋಯಿತು. ಮುಂದೆ ಸಂಧಾನವನ್ನು ರಚಿಸಿದವರಿಗೆ ಎದುರಾದ ಮುಖ್ಯ ತೊಡಕು ಇದೇ.

ಪರದೇಶದಲ್ಲಿದ್ದ ಥ್ರಾಸಿಬ್ಯೂಲಸನು ಸುಮಾರು ಎಪ್ಪತ್ತು ಮಂದಿಯೊಡನೆ ಥೀಬ್ಸಿನಿಂದ ಹೊರಟು ಗಡಿಯ ಫೈಲೀ ದುರ್ಗವನ್ನು ಹಿಡಿದನು. ಅವನ ಪಡೆಯು ದಿನೇದಿನೇ ಬೆಳೆದು ಪೈರೀಯಸ್ ರೇವನ್ನು ಸೇರಿತು. ಅಲ್ಲಿನ ಮ್ಯುನಿಕಿಯ ಗುಡ್ಡದ ಕಾಳಗದಲ್ಲಿ ಕ್ರಿಟಿಯಸನು ಹತನಾದನು. ಗೆದ್ದವರು ಬಿದ್ದವರ ಆಯುಧಗಳನ್ನು ತೆಗೆದುಕೊಂಡರೇ ಹೊರತು ಸ್ವಂತ ಊರಿನವರೆಂದು ಅವರ ಮೈಮೇಲಿನ ಉಡುಪನ್ನು ಮುಟ್ಟಲಿಲ್ಲ. ಹೆಣಗಳನ್ನು ಒಪ್ಪಿಸಿಕೊಳ್ಳುವ ವೇಳೆಯಲ್ಲಿ ಎರಡು ಪಕ್ಷದವರೂ ಹತ್ತಿರ ಬಂದು ಮಾತನಾಡತೊಡಗಿದರು. ಆಗ ಎಲ್ಯೂಸಿಸ್ ವ್ರತದೀಕ್ಷಿತರ ಸಾರುಗನಾದ ಕ್ಲಿಯೋಕ್ರಿಟಸನು, ಒಂದೇ ದೇವಾಲಯ, ಒಂದೇ ಪಾಠಶಾಲೆ, ಒಂದೇ ಸೇನೆಗಳಲ್ಲಿ ಬೆಳೆದವರು ಒಬ್ಬರನ್ನೊಬ್ಬರು ಕೊಲ್ಲುವುದೇಕೆಂದು ಪ್ರಶ್ನಿಸಿದನೆಂದು ಕ್ಸೆನೊಫನ್ನನು ಬರೆದಿದ್ದಾನೆ. ಮೂವತ್ತು ಮಂದಿ ಪದಚ್ಯುತರಾಗಿ ಎಲ್ಯೂಸಿಸಿಗೆ ಹೋದರು. ಪಟ್ಟಣವು ಹತ್ತು ಮಂದಿಯ ಕೈಗೆ ಬಂದಿತು. ಕೊನೆಗೆ ಸ್ಪಾರ್ಟಾದ ಅರಸನಾದ ಪಾಸೇನಿಯಸನ ಮಧ್ಯಸ್ಥಿಕೆಯಿಂದ ಎರಡು ಪಕ್ಷಗಳಿಗೂ ಕರಾರು ಏರ್ಪಟ್ಟಿತು.

೨. ಕರಾರಿನ ನಿಬಂಧನೆಗಳು

ಕರಾರಿನ ಮೊದಲ ಭಾಗವು ಒಟ್ಟಿಗೆ ಬಾಳಲಾರದವರಿಗೆ ದಾರಿಯನ್ನು ಮಾಡಿಕೊಟ್ಟಿತು. ಪಟ್ಟಣದ ಪಕ್ಷದವರಲ್ಲಿ ಹೆದರಿಕೆಯುಳ್ಳವರು ಎಲ್ಯೂಸಿಸಿಗೆ ಹೋಗಿ ನೆಲಸಬಹುದು. ಅವರ ಆಸ್ತಿಯೂ ಪೌರತ್ವವೂ ಉಳಿಯುವುವು. ಪ್ರಮಾಣ ಮಾಡಿದ ಹತ್ತು ದಿನಗಳೊಳಗೆ ಹೆಸರನ್ನು ಬರೆಯಿಸಿ, ಇಪ್ಪತ್ತು ದಿನಗಳೊಳಗೆ ಹೊರಡಬೇಕು. ಎಲ್ಯೂಸಿಸಿನ ದೇವಾಲಯವು ಎರಡು ಪಕ್ಷಗಳಿಗೂ ಸಾಧಾರಣ. ವ್ರತೋತ್ಸವದ ಕಾಲದ ಹೊರತು ಒಂದು ಕಡೆಯವರು ಮತ್ತೊಂದು ಕಡೆಗೆ ಹೋಗಕೂಡದು. ಯುದ್ಧಕ್ಕಾಗಿ ಮಾಡಿದ ಸಾಲವನ್ನು ಆಯಾ ಪಕ್ಷವೇ ತೀರಿಸಬೇಕು.

ಎರಡನೆಯ ಭಾಗವು ಹೊಣೆಗೆ ಸಂಬಂಧಪಟ್ಟುದು. ಇಲ್ಲಿ ಮೂರು ತರಗತಿಗಳು ಕಂಡುಬರುತ್ತವೆ. ಸ್ವಹಸ್ತದಿಂದ ಕೊಂದವನೂ ಗಾಯಪಡಿಸಿದವನೂ ಹಿಂದಿನ ಕಟ್ಟಳೆಯಂತೆ ಕೊಲೆಯ ವಿಚಾರಣೆಗೆ ಒಳಗಾಗಬೇಕು. ಆಜ್ಞೆಯನ್ನಿತ್ತ ಅಧಿಕಾರಿಗಳು, ಎಂದರೆ ಮೂವತ್ತು ಮಂದಿ, ಹತ್ತು ಮಂದಿ, ಮರಣದಂಡನೆಗಳನ್ನು ನಡೆಯಿಸಿದ ಹನ್ನೊಂದು ಮಂದಿ, ಪೈರೀಯಸನ್ನು ಆಳಿದವರು, ಇವರು ಸಾಮಾನ್ಯ ರಕ್ಷಣೆಗೆ ಹೊರಗು. ಮಿಕ್ಕವರೆಲ್ಲರ ಮೇಲೆಯೂ ಹಿಂದಿನ ಕೇಡನ್ನು ಎತ್ತಿ ಆಡುವಂತಿಲ್ಲ.

ಆದರೆ ಎರಡನೆಯ ತರಗತಿಯವರಿಗೂ ಬಾಗಿಲನ್ನು ಪೂರ್ಣವಾಗಿ ಮುಚ್ಚಲಿಲ್ಲ. ಅವರು ತಮ್ಮ ಅಧಿಕಾರದ ಲೆಕ್ಕವನ್ನು ಒಪ್ಪಿಸಿದರೆ ಅವರಿಗೂ ಅದೇ ರಕ್ಷಣೆಯು ದೊರೆಯುವುದು. ಅಧಿಕಾರದ ಅವಧಿ ಮುಗಿದ ಕೂಡಲೆ ಪ್ರತಿಯೊಬ್ಬ ಅಧಿಕಾರಿಯೂ ಹಣದ ಲೆಕ್ಕವನ್ನೂ ನಡತೆಯ ಲೆಕ್ಕವನ್ನೂ ಪೌರರ ಮುಂದೆ ಒಪ್ಪಿಸಬೇಕೆಂಬುದು ಅಥೆನ್ಸಿನ ಪ್ರಜಾಪ್ರಭುತ್ವದ ಹಳೆಯ ಕಟ್ಟಳೆ. ಗ್ರೀಕರು ಅದನ್ನು ‘ಯೂಥಿನ’ ಎಂದು ಕರೆಯುತ್ತಿದ್ದರು. ನೆಟ್ಟಗೆ ಮಾಡುವುದೆಂದು ಅದರ ಧಾತ್ವರ್ಥ. ಸಂಧಾನವನ್ನು ರಚಿಸಿದವರು ಘಾತುಕರಿಗಾಗಿ ಹೊಸ ನ್ಯಾಯಸ್ಥಾನವನ್ನು ಕಲ್ಪಿಸದೆ, ಪ್ರತಿವರ್ಷವೂ ಸಾಧಾರಣ ಅಧಿಕಾರಿಗೆ ಅನ್ವಯಿಸುತ್ತಿದ್ದ ವಿಧಿಯನ್ನೇ ಅವರಿಗೂ ಅನ್ವಯಿಸಿದರು. ಲೆಕ್ಕ ಒಪ್ಪಿಸಲೊಪ್ಪಿದವನು ತಾನು ಪ್ರಜೆಗಳಿಗೆ ಉತ್ತರವಾದಿಯೆಂದು ಒಪ್ಪಿದಂತಾಯಿತು. ಮೂವತ್ತು ಮಂದಿ ತಮ್ಮ ಆಳ್ವಿಕೆಯಲ್ಲಿ ಅಲ್ಲಗಳೆದುದು ಇದನ್ನೇ. ಪಟ್ಟಣವನ್ನಾಳಿದ ಹತ್ತು ಮಂದಿಯಲ್ಲಿ ಸೇರಿದ್ದ ರೈನೋನನು ಹೀಗೆ ಲೆಕ್ಕ ಒಪ್ಪಿಸಿದಾಗ ಯಾರೊಬ್ಬರೂ ದೂರನ್ನು ತರಲಿಲ್ಲ. ಪ್ರಜೆಗಳು ಅವನನ್ನು ಕೂಡಲೆ ಸೇನಾಪತಿಯಾಗಿ ಚುನಾಯಿಸಿದರು.

೩. ಪ್ರತಿಜ್ಞೆಯ ಅರ್ಥ

ಪೌರರೆಲ್ಲರೂ, ಮಂತ್ರಾಲೋಚನ ಸಭೆಯವರೂ, ನ್ಯಾಯಾಲಯದ ಪಂಚರೂ ಕೈಗೊಂಡ ಪ್ರತಿಜ್ಞೆಯಲ್ಲಿ ‘ಮ್ನೇಸಿಕಾಕೆಯಿನ್’ ಎಂಬ ಕ್ರಿಯಾಪದವಿದ್ದಿತು. ನೆನೆಯುವುದು, ಕೇಡು ಎಂಬ ಎರಡು ಪದಗಳ ಸಮಾಸವಿದು. ಹಗೆಯನ್ನು ಸಾಧಿಸುವುದಕ್ಕಾಗಿ ಹಳೆಯ ಕೇಡನ್ನು ಎತ್ತುವುದೆಂದು ಇದರ ರೂಢಾರ್ಥ. ಕನ್ನಡದಲ್ಲಿ ‘ಹಳೆಯದನ್ನು ಕೆದಕುವುದು’ ಎಂಬ ಮಾತು ಇದಕ್ಕೆ ಸಮೀಪವಾದುದು. ಕೆದಕಬಾರದೆನ್ನುವುದಕ್ಕೂ ಮರೆಯಬೇಕೆನ್ನುವುದಕ್ಕೂ ಬಹಳ ಅಂತರವುಂಟು. ಮರೆವು ಎಂಬರ್ಥದ ‘ಅಮ್ನೆಸ್ಟಿಯ’ ಎಂಬ ಪದವನ್ನು ಈ ಸಂಧಾನಕ್ಕೆ ಅನ್ವಯಿಸಿದವರು ನಂತರದ ಕಾಲದ ಲೇಖಕರು, ಕರಾರಿನ ಕಾಲದವರಲ್ಲ.

ಅಥೆನ್ಸಿನವರ ಆಚರಣೆಯೂ ಈ ಅರ್ಥವನ್ನೇ ಸಮರ್ಥಿಸುತ್ತದೆ. ಫೈಲೀಯನ್ನು ಹಿಡಿದವರಿಗೆ ಪೌರರು ಆಲಿವ್ ಎಲೆಯ ಕಿರೀಟವನ್ನು ತೊಡಿಸಿ, ಪೂಜೆಗೂ ಕಾಣಿಕೆಗೂ ಸಾವಿರ ದ್ರಾಕ್ಮಗಳನ್ನು ಕೊಟ್ಟರು. ಮೂವತ್ತು ಮಂದಿಯ ಕಾಲದಲ್ಲಿ ನೇಮಕವಾದ ವರ್ಷಾಧಿಪತಿಯ ಹೆಸರಿನಿಂದ ಆ ವರ್ಷವನ್ನು ಕರೆಯದೆ, ಅರಾಜಕದ ವರ್ಷವೆಂದೇ ಕರೆದರು. ಯಾವನಾದರೂ ಹೊಸದಾಗಿ ಅಧಿಕಾರಕ್ಕೆ ಬಂದಾಗ ಅವನ ಯೋಗ್ಯತೆಯನ್ನು ಪರೀಕ್ಷಿಸುವ ಸಂದರ್ಭದಲ್ಲಿ, ಅವನು ಮೂವತ್ತು ಮಂದಿಯ ಕಾಲದಲ್ಲಿ ಎಲ್ಲಿದ್ದನು, ಏನು ಮಾಡಿದನು ಎಂಬ ಪ್ರಶ್ನೆಯು ವರ್ಷಗಳ ಮೇಲೆಯೂ ಬರುತ್ತಿದ್ದಿತು. ಮಾಂಟಿಥಿಯಸನೆಂಬ ತರುಣನು ಅಶ್ವದಳದಲ್ಲಿದ್ದನೆಂಬ ಆಕ್ಷೇಪಣೆಯನ್ನು ಎದುರಿಸಲು ಲಿಸಿಯಸನಿಂದ ಭಾಷಣವನ್ನು ಬರೆಯಿಸಿಕೊಂಡನು. ಪ್ರಾಣವನ್ನಾಗಲಿ ಆಸ್ತಿಯನ್ನಾಗಲಿ ಕಳೆದುಕೊಳ್ಳುವ ಮೊಕದ್ದಮೆಗೆ ಹಳೆಯ ಕೇಡು ಕಾರಣವಾಗಕೂಡದಾಗಿದ್ದಿತು. ಒಬ್ಬನನ್ನು ನಂಬಬಹುದೇ ಎಂದು ವಿಚಾರಿಸುವಾಗ ಅದನ್ನು ನೆನೆಯುವುದಕ್ಕೆ ಅಡ್ಡಿಯಿರಲಿಲ್ಲ.

೪. ಕರಾರಿನ ರಕ್ಷಣೆ

ಪ್ರತಿಜ್ಞೆಯಿಂದಲೇ ಶಾಂತಿಯು ನೆಲೆಗೊಳ್ಳಲಿಲ್ಲ. ಫೈಲೀಯಿಂದ ಬಂದವರಲ್ಲೊಬ್ಬನಾದ ಆರ್ಕಿನಸನು ಅದನ್ನು ಕಠಿಣವಾಗಿ ಕಾಪಾಡಿದನು. ಎಲ್ಯೂಸಿಸಿಗೆ ಹೋಗಬೇಕೆಂದಿದ್ದವರು ಹೆಸರು ಬರೆಯಿಸಲು ಕಡೆಯ ದಿನಗಳನ್ನು ಕಾಯುತ್ತಿರುವಾಗ, ಅವನು ಅವಧಿಯನ್ನು ಮೊಟಕುಮಾಡಿ ಅವರು ಊರಿನಲ್ಲೇ ಉಳಿಯುವಂತೆ ಮಾಡಿದನು. ಹಿಂದಿರುಗಿ ಬಂದವರಲ್ಲೊಬ್ಬನು ಹಳೆಯ ಹಗೆಯನ್ನು ಎತ್ತಲು, ಅವನನ್ನು ಸಭೆಯ ಮುಂದೆ ನಿಲ್ಲಿಸಿ ವಿಚಾರಣೆಯಿಲ್ಲದೆ ಕೊಲ್ಲಿಸಿದನು. ವಿಚಾರಣೆಯಿಲ್ಲದ ಕೊಲೆಗಳನ್ನು ಮುಗಿಸುವುದಕ್ಕಾಗಿ ಹುಟ್ಟಿದ ಕರಾರಿನ ರಕ್ಷಣೆಗೆ ವಿಚಾರಣೆಯಿಲ್ಲದ ಇನ್ನೊಂದು ಕೊಲೆಯು ನಡೆದುದು ಈ ಚರಿತ್ರೆಯ ಕಲೆಯೇ ಸರಿ. ಅವನು ತಂದ ಇನ್ನೊಂದು ಕಟ್ಟಳೆಯು ಹೆಚ್ಚು ವಿವೇಕವುಳ್ಳದು. ಕರಾರಿಗೆ ವಿರುದ್ಧವಾಗಿ ದಾವೆ ಹೂಡಲ್ಪಟ್ಟವನು ಮೊದಲೇ ಪ್ರತಿರೋಧವನ್ನು ಸಲ್ಲಿಸಿ ತಾನೇ ಮೊದಲು ಮಾತನಾಡಬಹುದು. ಸೋತ ಪಕ್ಷವು ದಾವೆಯ ಮೊತ್ತದ ಆರನೆಯ ಒಂದು ಪಾಲನ್ನು ದಂಡವಾಗಿ ತೆರಬೇಕು.

ಸಾಲದ ವಿಷಯದಲ್ಲಿ ಪೌರರು ಕರಾರಿಗಿಂತಲೂ ಮುಂದೆ ಹೋದರು. ಪ್ರಜಾಪಕ್ಷದ ಮೇಲೆ ಯುದ್ಧಮಾಡಲು ಪಟ್ಟಣದವರು ಸ್ಪಾರ್ಟಾದಿಂದ ಪಡೆದಿದ್ದ ನೂರು ಟ್ಯಾಲೆಂಟುಗಳನ್ನು ಸಾರ್ವಜನಿಕ ಬೊಕ್ಕಸದಿಂದಲೇ ತೀರಿಸಿದರು. ತಮ್ಮನ್ನು ಕೊಲ್ಲುವುದಕ್ಕಾಗಿ ತಂದ ಸಾಲಕ್ಕೆ ತಾವೂ ಪಾಲು ಕೊಟ್ಟರೆಂಬ ಈ ಸಂಗತಿಯನ್ನು ಪ್ರಾಚೀನ ಲೇಖಕರು ವಿಶೇಷವಾಗಿ ಹೊಗಳಿದ್ದಾರೆ. ಆದರೆ ಅನುಮಾನವು ಅಷ್ಟು ಬೇಗನೆ ಅಳಿಯಲಿಲ್ಲ. ಕ್ರಿ. ಪೂ. ೪೦೧ರಲ್ಲಿ ಎಲ್ಯೂಸಿಸಿನವರು ಕೂಲಿಪಡೆಯನ್ನು ಸೇರಿಸುತ್ತಿದ್ದಾರೆಂಬ ಸುದ್ದಿ ಹುಟ್ಟಲು, ಮಾತುಕತೆಗೆ ಬಂದ ಅವರ ಸೇನಾಪತಿಗಳನ್ನು ಅಥೆನ್ಸಿನವರು ಕೊಂದು, ಮಿಕ್ಕವರನ್ನು ಬಂಧುಮಿತ್ರರ ಮೂಲಕ ಒಲಿಸಿಕೊಂಡರು. ಎರಡು ವರ್ಷಗಳ ತರುವಾಯ ಸ್ಪಾರ್ಟಾ ಏಷ್ಯಾದ ದಂಡಯಾತ್ರೆಗೆ ಕುದುರೆ ಸವಾರರನ್ನು ಕೇಳಿದಾಗ, ಮೂವತ್ತು ಮಂದಿಯ ಕಾಲದ ಅಶ್ವದಳದಲ್ಲಿದ್ದ ಮುನ್ನೂರು ಮಂದಿಯನ್ನೇ ಆರಿಸಿ ಕಳುಹಿಸಿದರು; ಅವರು ಹೊರದೇಶದಲ್ಲಿ ಸತ್ತರೆ ಪ್ರಜೆಗಳಿಗೆ ಲಾಭವೆಂದು ಎಣಿಸಿದರೆಂದು ಕ್ಸೆನೊಫನ್ನನ ಹೇಳಿಕೆ.

೫. ಬೆಲೆ ತೆತ್ತವರು

ಇಂತಹ ಶಾಂತಿಯ ಬೆಲೆಯನ್ನು ಹೆಚ್ಚಾಗಿ ತೆತ್ತವರು ಹತರಾದವರ ಮನೆಯವರು. ಲಿಯಾನನ ಮಕ್ಕಳು ತಂದೆಯನ್ನು ಹಿಡಿದುಕೊಟ್ಟವನನ್ನು ನ್ಯಾಯಾಲಯಕ್ಕೆ ಎಳೆಯಲಾರದೆ ಹೋದರೆಂದು ಅಂಡೊಸಿಡೀಸನು ಹೇಳುತ್ತಾನೆ. ಹಿಡಿದುಕೊಟ್ಟವನು ಸ್ವಹಸ್ತದಿಂದ ಕೊಂದವನಲ್ಲ, ಅಧಿಕಾರಿಯೂ ಅಲ್ಲ. ಆದುದರಿಂದ ಕರಾರು ಅವನಿಗೆ ರಕ್ಷಣೆಯನ್ನಿತ್ತಿತು.

ಲಿಸಿಯಸನ ಕಥೆಯು ಇನ್ನೂ ಶೋಚನೀಯವಾದುದು. ಅವನ ಮನೆಯವರು ಹೊರಗಿನಿಂದ ಬಂದು ನೆಲಸಿದವರು. ಗುರಾಣಿಗಳ ಕಾರ್ಖಾನೆಯನ್ನು ನಡೆಸುತ್ತಿದ್ದ ಅವರ ಐಶ್ವರ್ಯದ ಮೇಲೆ ಮೂವತ್ತು ಮಂದಿಯ ಕಣ್ಣು ಬಿದ್ದಿತು. ಅವರಲ್ಲೊಬ್ಬನಾದ ಎರಟಾಸ್ಥನೀಸನು ಲಿಸಿಯಸನ ಅಣ್ಣನಾದ ಪೊಲೆಮಾರ್ಕಸನನ್ನು ಬೀದಿಯಲ್ಲಿ ಹಿಡಿದು ಸೆರೆಮನೆಗೆ ಒಯ್ದನು. ಕಾರಣವನ್ನೂ ಹೇಳದೆ ಅವನಿಗೆ ವಿಷವನ್ನು ಕುಡಿಸಿದರು. ಅವನ ಹೆಂಡತಿಯ ಕಿವಿಯ ಚಿನ್ನವನ್ನು ಸಹ ಕಿತ್ತುಕೊಂಡರು. ಸಂಧಾನದ ತರುವಾಯ ಎರಟಾಸ್ಥನೀಸನು ಊರಿನಲ್ಲೇ ಉಳಿದನು. ಅವನು ಲೆಕ್ಕ ಒಪ್ಪಿಸಿದ ಸಂದರ್ಭದಲ್ಲಿಯೇ ಲಿಸಿಯಸನು ಅವನ ಮೇಲೆ ಭಾಷಣ ಮಾಡಿದನೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ತಾನು ಆಜ್ಞೆಯನ್ನು ಪಾಲಿಸಿದವನೇ ಹೊರತು ವಿಧಿಸಿದವನಲ್ಲವೆಂಬುದು ಎರಟಾಸ್ಥನೀಸನ ಸಮಾಧಾನ. ಆಜ್ಞೆಯನ್ನು ಕೊಡುವ ಮೂವತ್ತು ಮಂದಿಯಲ್ಲಿ ಒಬ್ಬನಾಗಿದ್ದವನು ಯಾರ ಆಜ್ಞೆಯ ಹಿಂದೆ ಅಡಗಬಲ್ಲನೆಂಬುದು ಲಿಸಿಯಸನ ಪ್ರಶ್ನೆ. ತೀರ್ಪು ಏನಾಯಿತೆಂಬುದು ಗ್ರಂಥಗಳಲ್ಲಿ ಉಳಿದುಬಂದಿಲ್ಲ, ಪ್ರಶ್ನೆಯು ಉಳಿದಿದೆ. ಲೆಕ್ಕ ಒಪ್ಪಿಸುವ ವಿಧಿಯು ಇಲ್ಲದಿದ್ದರೆ ಅದನ್ನು ಪೌರರ ಮುಂದೆ ಕೇಳುವುದಕ್ಕೂ ಲಿಸಿಯಸನಿಗೆ ಎಡೆಯಿರುತ್ತಿರಲಿಲ್ಲ.

ಕ್ರಿ. ಪೂ. ೩೯೯ರಲ್ಲಿ ನಡೆದ ಸಾಕ್ರಟೀಸನ ವಿಚಾರಣೆಗೂ ಈ ಕರಾರಿನ ನೆರಳು ತಗಲಿದೆ. ದೂರಿನಲ್ಲಿ ಇದ್ದುದು ದೇವತೆಗಳ ವಿಷಯ, ತರುಣರನ್ನು ಕೆಡಿಸಿದ ವಿಷಯ. ಆದರೆ ಸುಮಾರು ಅರ್ಧ ಶತಮಾನದ ಮೇಲೆ ಈಸ್ಕಿನೀಸನು, ಕ್ರಿಟಿಯಸನ ಗುರುವೆಂಬ ಕಾರಣದಿಂದ ಸಾಕ್ರಟೀಸನನ್ನು ಕೊಂದರೆಂದು ನ್ಯಾಯಾಲಯದಲ್ಲಿ ನಿಸ್ಸಂಕೋಚವಾಗಿ ನುಡಿದನು. ಇದು ನಿಜವಾದರೆ, ನೇರವಾಗಿ ಕೇಳಬಾರದೆಂದು ತಡೆದ ಪ್ರಶ್ನೆಯು ವೇಷವನ್ನು ಮರೆಸಿಕೊಂಡು ಬಂದಿತೆನ್ನಬೇಕು.

೬. ಆಧುನಿಕ ದೃಷ್ಟಾಂತವೊಂದು

ಇದೇ ಇಕ್ಕಟ್ಟು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಆಫ್ರಿಕಕ್ಕೆ ಒದಗಿತು. ವರ್ಣಭೇದದ ಆಡಳಿತವು ಕೊನೆಗೊಂಡ ಮೇಲೆ ೧೯೯೫ರ ಕಾನೂನಿನಂತೆ, ಡೆಸ್ಮಂಡ್ ಟೂಟು ಅವರ ಅಧ್ಯಕ್ಷತೆಯಲ್ಲಿ ಸತ್ಯ ಮತ್ತು ಸಂಧಾನ ಆಯೋಗವು ಸ್ಥಾಪಿತವಾಯಿತು. ರಾಜಕೀಯ ಉದ್ದೇಶದಿಂದ ಅಪರಾಧ ಮಾಡಿದವನು ತಾನು ಮಾಡಿದುದನ್ನು ಪೂರ್ಣವಾಗಿ ಹೇಳಿದರೆ ಮಾತ್ರ ಕ್ಷಮೆಯು ದೊರೆಯಬಹುದಾಗಿದ್ದಿತು. ಏಳು ಸಾವಿರಕ್ಕೂ ಹೆಚ್ಚಿನ ಅರ್ಜಿಗಳು ಬಂದುವು, ಬಹುಪಾಲು ತಿರಸ್ಕೃತವಾದುವು. ಹತರಾದ ಕೆಲವರ ಕುಟುಂಬದವರು ಈ ಕ್ಷಮೆಯನ್ನು ರಾಜ್ಯಾಂಗ ನ್ಯಾಯಾಲಯದಲ್ಲಿ ಪ್ರಶ್ನಿಸಿದರಾದರೂ ನ್ಯಾಯಾಲಯವು ೧೯೯೬ರಲ್ಲಿ ಕಾನೂನನ್ನೇ ಎತ್ತಿಹಿಡಿಯಿತು. ಕ್ಷಮೆ ದೊರೆಯದವರ ಮೇಲೆ ನಡೆಯಬೇಕಾಗಿದ್ದ ಮೊಕದ್ದಮೆಗಳಲ್ಲಿ ನಡೆದುವು ಕೆಲವೇ. ಅಥೆನ್ಸಿನಲ್ಲಿ ಲೆಕ್ಕ ಒಪ್ಪಿಸಬೇಕಾಗಿದ್ದವರು ಅಧಿಕಾರಿಗಳು ಮಾತ್ರ. ಇಲ್ಲಿ ಕೃತ್ಯವನ್ನು ಮಾಡಿದ ಯಾವನೇ ಆಗಲಿ, ಕ್ಷಮೆಯನ್ನು ಬಯಸಿದರೆ ಹೇಳಲೇಬೇಕು. ಲಿಯಾನನನ್ನು ಹಿಡಿದುಕೊಟ್ಟವನಂಥವನು ಅಥೆನ್ಸಿನಲ್ಲಿ ಬಾಯಿ ತೆರೆಯದೆ ಪಾರಾದನು. ದಕ್ಷಿಣ ಆಫ್ರಿಕದ ಕಾನೂನು ಅಂಥವನಿಗೂ ಮೌನದ ಮೇಲೆ ಹಕ್ಕನ್ನು ಕೊಡಲಿಲ್ಲ.

ಎರಡು ದೃಷ್ಟಾಂತಗಳನ್ನೂ ತೂಗಿ ನೋಡಿದರೆ ಇಷ್ಟನ್ನು ಹೇಳಬಹುದು. ದಂಡನೆಯನ್ನು ಬಿಟ್ಟುಕೊಡುವುದು ಕೆಲವು ವೇಳೆ ರಾಜ್ಯಕ್ಕೆ ಅನಿವಾರ್ಯವಾಗಬಹುದು. ಲೆಕ್ಕ ಕೇಳುವ ಹಕ್ಕನ್ನೂ ಅದರೊಡನೆ ಬಿಟ್ಟುಕೊಡುವುದು ಅನಿವಾರ್ಯವಲ್ಲ. ಪೌರರು ತಮ್ಮ ಪ್ರತಿಜ್ಞೆಗೆ ನಿಂತು ಒಟ್ಟಿಗೆ ಬಾಳುತ್ತಿದ್ದಾರೆಂದು ಕ್ಸೆನೊಫನ್ನನು ತನ್ನ ಕಾಲದಲ್ಲಿ ಸಾಕ್ಷಿ ನುಡಿದಿದ್ದಾನೆ. ಆ ಬಾಳು ಲಿಯಾನನ ಮಕ್ಕಳ ಮೌನದ ಮೇಲೆಯೂ ನಿಂತಿದ್ದಿತೆಂಬುದನ್ನು ಸಂಧಾನವನ್ನು ಹೊಗಳುವವರು ಜೊತೆಯಲ್ಲಿಯೇ ನೆನೆಯತಕ್ಕದ್ದು.