ಕಾರಕೂನನಿಲ್ಲದ ಕಿರ್ದಿ: ಬಿಟ್‌ಕಾಯಿನ್ ವ್ಯವಹಾರ ತಿಳಿಯೋಣ



ನಮ್ಮ ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕಡೆಯ ಹಳ್ಳಿಗಳಲ್ಲಿಯೂ ಈಗ ಬಿಟ್‌ಕಾಯಿನ್ ಎಂಬ ಶಬ್ದ ಕೇಳಿಬರುತ್ತಿದೆ. ಚಹಾದಂಗಡಿಯ ಕಟ್ಟೆಯ ಮೇಲೆ ಕನ್ನಡದಲ್ಲಿ ಶುರುವಾದ ಮಾತು ಮರಾಠಿಗೆ ಹೊರಳಿ, ಕೊನೆಗೆ ದುಡ್ಡು ದುಪ್ಪಟ್ಟಾಗುವ ಲೆಕ್ಕದಲ್ಲಿ ನಿಲ್ಲುತ್ತದೆ. ಇದನ್ನು ಕೊಳ್ಳಿರಿ ಎಂದಾಗಲಿ, ಕೊಳ್ಳಬೇಡಿರಿ ಎಂದಾಗಲಿ ಹೇಳುವುದು ಇಂದಿನ ಭಾಷಣದ ಉದ್ದೇಶವಲ್ಲ. ಇದು ಏನು, ಹೇಗೆ ನಡೆಯುತ್ತದೆ, ಕೈಹಾಕುವವರು ಏನೇನು ನೋಡಿಕೊಳ್ಳಬೇಕು ಎಂಬುದಷ್ಟನ್ನೇ ತಿಳಿಯೋಣ.

ಮೊದಲು ಅದರ ಹುಟ್ಟು. 2008ರ ಅಕ್ಟೋಬರ್ 31ರಂದು ಸತೋಷಿ ನಾಕಾಮೋಟೊ ಎಂಬ ಹೆಸರಿನಲ್ಲಿ ಒಂಬತ್ತು ಪುಟಗಳ ಒಂದು ಲೇಖನ ಹೊರಬಂದಿತು. ಆ ಹೆಸರಿನ ಹಿಂದೆ ಇರುವವರು ಯಾರೆಂಬುದು ಇಂದಿಗೂ ಗುಟ್ಟಾಗಿಯೇ ಇದೆ. 2009ರ ಜನವರಿ 3ರಂದು ಬಿಟ್‌ಕಾಯಿನ್ ಲೆಕ್ಕದ ಮೊದಲ ಪುಟ ಬರೆಯಲಾಯಿತು. 2010ರ ಮೇ 22ರಂದು ಅಮೆರಿಕದ ಫ್ಲೋರಿಡಾದಲ್ಲಿ ಒಬ್ಬರು 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡರು. ಈ ನಾಣ್ಯ ಕೊಟ್ಟು ಪದಾರ್ಥ ಕೊಂಡ ಹೆಸರಾದ ಮೊದಲ ವ್ಯವಹಾರ ಅದು.

ಕಾಯಿನ್ ಎಂದರೆ ನಾಣ್ಯ, ನಿಜ. ಆದರೆ ಕೈಯಲ್ಲಿ ಹಿಡಿಯುವ ನಾಣ್ಯ ಇಲ್ಲಿ ಇಲ್ಲವೇ ಇಲ್ಲ. ಇರುವುದು ಬರೀ ಜಮಾ-ಖರ್ಚಿನ ನಮೂದು. ಬ್ಯಾಂಕಿನಲ್ಲಿ ಕಿರ್ದಿ ಬರೆಯುವಂತೆ, ಇಂಥ ವಿಳಾಸದಿಂದ ಇಂಥ ವಿಳಾಸಕ್ಕೆ ಇಷ್ಟು ಹೋಯಿತು ಎಂದು ಬರೆದಿಡುವ ಒಂದು ದೊಡ್ಡ ಲೆಕ್ಕದ ಪುಸ್ತಕ ಇದು. ವ್ಯತ್ಯಾಸವೆಂದರೆ ಈ ಪುಸ್ತಕ ಒಂದು ಶಾಖೆಯ ಕಪಾಟಿನಲ್ಲಿ ಇಲ್ಲ. ಅದರ ಪ್ರತಿಗಳು ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿ ಇವೆ. ಸರಾಸರಿ ಹತ್ತು ನಿಮಿಷಕ್ಕೊಮ್ಮೆ ಒಂದು ಹೊಸ ಪುಟ ಸೇರುತ್ತದೆ. ಪ್ರತಿ ಪುಟಕ್ಕೂ ಹಿಂದಿನ ಪುಟದ ಗುರುತು ಹೊಲಿದಿರುವುದರಿಂದ ನಡುವಿನ ಒಂದು ಹಾಳೆಯನ್ನು ತಿದ್ದಿದರೆ ಮುಂದಿನದೆಲ್ಲ ತಪ್ಪುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಹೊಸ ಪುಟ ಸೇರಿಸುವ ಹಕ್ಕಿಗಾಗಿ ದೊಡ್ಡ ದೊಡ್ಡ ಯಂತ್ರಗಳು ವಿದ್ಯುತ್ ಸುಟ್ಟು ಒಂದು ಲೆಕ್ಕದ ಒಗಟನ್ನು ಬಿಡಿಸುತ್ತವೆ. ಗೆದ್ದವರಿಗೆ ಹೊಸ ಬಿಟ್‌ಕಾಯಿನ್ ಸಂಭಾವನೆ. ಮೊದಲು ಅದು ಪುಟಕ್ಕೆ 50 ಇತ್ತು. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ ಬಂದು, 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು. ಹೀಗೆ ಇಳಿಯುತ್ತ ಹೋಗಿ ಒಟ್ಟು 2 ಕೋಟಿ 10 ಲಕ್ಷದ ಮೇಲೆ ಹುಟ್ಟದಂತೆ ಕಟ್ಟು ಹಾಕಿದ್ದಾರೆ. ಒಂದು ಬಿಟ್‌ಕಾಯಿನ್ನಿಗೆ ಹತ್ತು ಕೋಟಿ ಸತೋಷಿ ಎಂಬ ಚಿಲ್ಲರೆ ಉಂಟು. ಆದ್ದರಿಂದ ಕೊಳ್ಳುವುದಾದರೆ ಇಡೀ ನಾಣ್ಯವನ್ನೇ ಕೊಳ್ಳಬೇಕು ಎಂಬುದು ತಪ್ಪು ತಿಳಿವಳಿಕೆ. ನೂರು ರೂಪಾಯಿಯಷ್ಟನ್ನೂ ಕೊಳ್ಳಬಹುದು.

ಈಗ ಮುಖ್ಯ ಮಾತು. ಬ್ಯಾಂಕಿನ ಕೌಂಟರಿನ ಆಚೆ ಕುಳಿತ ಕಾರಕೂನ ಏನು ಮಾಡುತ್ತಾನೆ? ಸಹಿ ತಾಳೆ ನೋಡುತ್ತಾನೆ. ಖಾತೆ ಸಂಖ್ಯೆ ತಪ್ಪಿದ್ದರೆ ಚೀಟಿ ಮರಳಿಸುತ್ತಾನೆ. ಚೆಕ್ಕು ಕಳೆದರೆ ಹಣ ತಡೆಯುತ್ತಾನೆ. ಪಾಸ್‌ಬುಕ್ ನೆನೆದು ಹಾಳಾದರೆ ಇನ್ನೊಂದು ಬರೆದು ಕೊಡುತ್ತಾನೆ. ಖಾತೆದಾರ ತೀರಿಕೊಂಡರೆ ನಾಮಿನಿಗೆ ಹಣ ಮುಟ್ಟಿಸುತ್ತಾನೆ. ಬಿಟ್‌ಕಾಯಿನ್ನಿನ ಕಿರ್ದಿಯಲ್ಲಿ ಈ ಕಾರಕೂನನೇ ಇಲ್ಲ. ಲಂಚವಿಲ್ಲ, ರಜೆಯಿಲ್ಲ, ನಾಳೆ ಬನ್ನಿ ಎಂಬ ಮಾತಿಲ್ಲ, ಅದು ಅನುಕೂಲ. ಆದರೆ ತಪ್ಪಾದಾಗ ಅರ್ಜಿ ಕೊಡಲು ಕಿಟಕಿಯೂ ಇಲ್ಲ. ಅವನು ಮಾಡುತ್ತಿದ್ದ ಕೆಲಸವನ್ನೆಲ್ಲ ನೀವೇ ಮಾಡಬೇಕು. ಈ ಒಂದು ಮಾತು ಮನಸ್ಸಿನಲ್ಲಿ ಕುಳಿತರೆ ಮುಂದಿನ ಎಚ್ಚರಿಕೆಗಳೆಲ್ಲ ಸುಲಭವಾಗಿ ತಿಳಿಯುತ್ತವೆ.

ಮೊದಲನೆಯದು ಕೀಲಿಕೈ. ಬಿಟ್‌ಕಾಯಿನ್ ಖರ್ಚು ಮಾಡಲು ಸಹಿಯ ಬದಲು ಒಂದು ಗುಪ್ತ ಸಂಖ್ಯೆ ಬೇಕು. ಅದನ್ನು ನೆನಪಿಡುವುದು ಕಷ್ಟವಾದ್ದರಿಂದ, ಮೊಬೈಲಿನ ವಾಲೆಟ್ ಎಂಬ ತಂತ್ರಾಂಶ ನಿಮಗೆ 12 ಅಥವಾ 24 ಇಂಗ್ಲಿಷ್ ಶಬ್ದಗಳನ್ನು ಕೊಡುತ್ತದೆ. ಆ ಶಬ್ದಗಳು, ಅದೇ ಸಾಲಿನಲ್ಲಿ, ಯಾರ ಕೈಯಲ್ಲಿವೆಯೋ ಹಣ ಅವರದು. ಅವುಗಳ ಫೋಟೋ ತೆಗೆಯಬೇಡಿರಿ, ವಾಟ್ಸಾಪಿನಲ್ಲಿ ಕಳಿಸಬೇಡಿರಿ, ಫೋನಿನಲ್ಲಿ ಕೇಳಿದವರಿಗೆ ಹೇಳಬೇಡಿರಿ. ಕಾಗದದ ಮೇಲೆ ಬರೆದು ಎರಡು ಬೇರೆ ಬೇರೆ ಜಾಗದಲ್ಲಿ ಇಡಿರಿ. ನಮ್ಮಂಥ ಎರಡು ಭಾಷೆಯ ಜನರಿಗೆ ಇನ್ನೊಂದು ಮಾತು. ಆ ಶಬ್ದಗಳನ್ನು ಕನ್ನಡ ಲಿಪಿಯಲ್ಲಾಗಲಿ ಮರಾಠಿ ಲಿಪಿಯಲ್ಲಾಗಲಿ ಬರೆಯದೆ, ಪರದೆಯ ಮೇಲೆ ಕಂಡ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ. ಆ ಪಟ್ಟಿಯಲ್ಲಿ ಮಾಂಸ ಎಂಬ ಅರ್ಥದ ‘ಮೀಟ್’ ಇದೆ. ಕನ್ನಡದಲ್ಲಿ ಮೀಟ್ ಎಂದು ಬರೆದಿಟ್ಟರೆ, ಅದು ಮಾಂಸವೋ ಭೇಟಿಯೋ ಎಂದು ನಾಳೆ ಮಕ್ಕಳು ತಬ್ಬಿಬ್ಬಾಗುತ್ತಾರೆ.

ಎರಡನೆಯದು ಕಳಿಸುವುದು. ಬಿಟ್‌ಕಾಯಿನ್ ವಿಳಾಸ ಎಂಬುದು ಅಕ್ಷರ, ಅಂಕಿ ಬೆರೆತ ಉದ್ದನೆಯ ಸಾಲು. ಅದನ್ನು ಕೈಯಿಂದ ಬರೆದು ಟೈಪು ಮಾಡಬೇಡಿರಿ, ನಕಲು ಮಾಡಿ ಅಂಟಿಸಿರಿ. ಮೇಲೆ ಮೊದಲಿನ ಐದಾರು, ಕೊನೆಯ ಐದಾರು ಅಕ್ಷರಗಳನ್ನು ತಾಳೆ ನೋಡಿರಿ, ಏಕೆಂದರೆ ನಕಲು ಮಾಡಿದ ವಿಳಾಸವನ್ನೇ ಬದಲಿಸುವ ಕಳ್ಳ ತಂತ್ರಾಂಶಗಳು ಇವೆ. ದೊಡ್ಡ ಮೊತ್ತವಿದ್ದರೆ ಮೊದಲು ಚಿಕ್ಕ ಮೊತ್ತ ಕಳಿಸಿ, ಮುಟ್ಟಿತೆಂದು ಖಾತ್ರಿ ಮಾಡಿಕೊಂಡು ಉಳಿದದ್ದನ್ನು ಕಳಿಸಿರಿ. ಶುಲ್ಕವು ಮೊತ್ತದ ಮೇಲೆ ನಿಲ್ಲುವುದಿಲ್ಲ. ನಿಮ್ಮ ನಮೂದು ಪುಟದಲ್ಲಿ ಎಷ್ಟು ಜಾಗ ಹಿಡಿಯುತ್ತದೆ, ಆ ಹೊತ್ತಿನಲ್ಲಿ ಎಷ್ಟು ಗದ್ದಲವಿದೆ ಎಂಬುದರ ಮೇಲೆ ನಿಲ್ಲುತ್ತದೆ. ತೆಗೆದುಕೊಳ್ಳುವವರೂ ಅವಸರ ಮಾಡಬಾರದು. ದೊಡ್ಡ ಮೊತ್ತವಾದರೆ ಆರು ಪುಟ ಸೇರುವವರೆಗೆ, ಅಂದರೆ ಸುಮಾರು ಒಂದು ತಾಸು, ಕಾಯುವುದು ರೂಢಿ.

ಮೂರನೆಯದು ಕೊಳ್ಳುವ, ಮಾರುವ ಜಾಗ. ಇಲ್ಲಿ ಕಾನೂನಿನ ಸ್ಥಿತಿ ತಿಳಿದಿರಬೇಕು. ರಿಸರ್ವ್ ಬ್ಯಾಂಕು 2018ರ ಏಪ್ರಿಲ್ 6ರಂದು, ಇಂಥ ವ್ಯವಹಾರದವರಿಗೆ ಬ್ಯಾಂಕುಗಳು ಸೇವೆ ಕೊಡಬಾರದೆಂದು ಸುತ್ತೋಲೆ ಹೊರಡಿಸಿತ್ತು. 2020ರ ಮಾರ್ಚ್ 4ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು. ಹಾಗೆಂದು ಬಿಟ್‌ಕಾಯಿನ್ ನಮ್ಮ ದೇಶದ ಕಾನೂನುಬದ್ಧ ಹಣವಲ್ಲ. ಅದನ್ನು ಯಾರೂ ಕಡ್ಡಾಯವಾಗಿ ತೆಗೆದುಕೊಳ್ಳಬೇಕಿಲ್ಲ. ರಿಸರ್ವ್ ಬ್ಯಾಂಕು 2022ರ ಡಿಸೆಂಬರ್ 1ರಂದು ಜನರಿಗಾಗಿ ಪ್ರಯೋಗಕ್ಕೆ ತಂದ ಇ-ರೂಪಾಯಿಯೇ ಬೇರೆ, ಇದೇ ಬೇರೆ. ಅದರ ಹಿಂದೆ ಸರಕಾರ ನಿಂತಿದೆ, ಇದರ ಹಿಂದೆ ಯಾವ ಸರಕಾರವೂ ಇಲ್ಲ.

ವಿನಿಮಯ ಕೇಂದ್ರಗಳು, ಅಂದರೆ ಎಕ್ಸ್‌ಚೇಂಜ್‌ಗಳು, ನಮ್ಮ ಮಾರುಕಟ್ಟೆಯ ಅಡತ್ಯಾರಿದ್ದಂತೆ. ಕೊಳ್ಳುವವರನ್ನೂ ಮಾರುವವರನ್ನೂ ಕೂಡಿಸಿ ಕಮಿಶನ್ ತೆಗೆದುಕೊಳ್ಳುತ್ತಾರೆ. 2023ರ ಮಾರ್ಚ್‌ನಿಂದ ಇವರು ಅಕ್ರಮ ಹಣ ವರ್ಗಾವಣೆ ತಡೆಯುವ ಕಾಯ್ದೆಯ ಕೆಳಗೆ ಬಂದಿದ್ದು, ಕೇಂದ್ರ ಸರಕಾರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಬೇಕು. ನೋಂದಣಿ ಇಲ್ಲದವರ ಬಳಿ ಹೋಗಬೇಡಿರಿ. ಆದರೆ ನೋಂದಣಿ ಇದ್ದ ಮಾತ್ರಕ್ಕೆ ಹಣಕ್ಕೆ ಹೊಣೆ ಸಿಕ್ಕಿತೆಂದೂ ತಿಳಿಯಬೇಡಿರಿ. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಇಲ್ಲಿ ಅಂಥದ್ದಿಲ್ಲ. 2014ರ ಫೆಬ್ರವರಿಯಲ್ಲಿ ಟೋಕಿಯೋದ ಮೌಂಟ್ ಗಾಕ್ಸ್ ದಿವಾಳಿ ಎದ್ದಾಗ ಸುಮಾರು ಎಂಟೂವರೆ ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿವೆ ಎಂದು ಹೇಳಿತು. ನಮ್ಮ ದೇಶದ ವಜೀರ್‌ಎಕ್ಸ್‌ನಲ್ಲಿ 2024ರ ಜುಲೈನಲ್ಲಿ 23 ಕೋಟಿ ಡಾಲರಿನಷ್ಟು ಕ್ರಿಪ್ಟೋ ಆಸ್ತಿ ಕಳವಾಯಿತು. ಅಡತಿಯಲ್ಲಿ ಮಾಲು ಮಾರಿದ ರೈತ ಹಣವನ್ನು ಅಲ್ಲೇ ಬಿಟ್ಟು ಬರುವುದಿಲ್ಲ. ಇಲ್ಲಿಯೂ ಅದೇ ನಿಯಮ. ಉಳಿತಾಯವನ್ನು ವಿನಿಮಯ ಕೇಂದ್ರದಲ್ಲಿ ಬಿಡದೆ, ಕೀಲಿಕೈ ನಿಮ್ಮಲ್ಲಿರುವ ವಾಲೆಟ್ಟಿಗೆ ತಂದುಕೊಳ್ಳಿರಿ.

ಬೆಲೆಯ ಏರಿಳಿತವನ್ನೂ ನೋಡಿರಿ. 2021ರ ನವೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್ ಸುಮಾರು 69,000 ಡಾಲರಿಗೆ ಏರಿತ್ತು. ಮರುವರ್ಷ ಅದೇ ತಿಂಗಳಲ್ಲಿ 16,000ಕ್ಕಿಂತ ಕೆಳಗೆ ಬಿದ್ದಿತು. ಆಮೇಲೆ ಮತ್ತೆ ಏರಿತು, ಅದು ಬೇರೆ ಮಾತು. ಬಿತ್ತನೆಗೆ, ಮಗಳ ಮದುವೆಗೆ, ದವಾಖಾನೆಗೆ ಇಟ್ಟ ಹಣಕ್ಕೆ ಏರುವವರೆಗೆ ಕಾಯುವ ಪುರುಸೊತ್ತು ಇರುವುದಿಲ್ಲ. ಹೋದರೂ ಒಲೆ ಆರದಷ್ಟು ಹಣ ಮಾತ್ರ ಇದಕ್ಕೆ ತಕ್ಕದ್ದು.

ನಾಲ್ಕನೆಯದು ತೆರಿಗೆ. ಬೇಸಾಯದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಆ ಹಣದಿಂದ ಬಿಟ್‌ಕಾಯಿನ್ ಕೊಂಡು ಲಾಭ ಮಾಡಿದರೆ, 2022ರ ಏಪ್ರಿಲ್ 1ರಿಂದ ಆ ಲಾಭಕ್ಕೆ ಶೇಕಡಾ 30 ತೆರಿಗೆ, ಅದರ ಮೇಲೆ ಶೇಕಡಾ 4 ಉಪಕರ ಉಂಟು. ಉದಾಹರಣೆಗೆ, 10,000 ರೂಪಾಯಿಗೆ ಕೊಂಡು 14,000ಕ್ಕೆ ಮಾರಿದಿರಿ. ಲಾಭ 4,000. ತೆರಿಗೆ 1,200, ಉಪಕರ 48, ಒಟ್ಟು 1,248 ರೂಪಾಯಿ. ಅದೇ ವರ್ಷ ಬೇರೊಂದು ನಾಣ್ಯದಲ್ಲಿ 4,000 ರೂಪಾಯಿ ಕಳೆದುಕೊಂಡಿದ್ದರೆ ಅದನ್ನು ಈ ಲಾಭದಲ್ಲಿ ವಜಾ ಮಾಡುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಗಂಟಿಗೆ ಗಳಿಕೆ ಸೊನ್ನೆ, ತೆರಿಗೆ ಮಾತ್ರ 1,248. ಇದಲ್ಲದೆ 2022ರ ಜುಲೈ 1ರಿಂದ ಮಾರಿದ ಮೊತ್ತದ ಮೇಲೆ ಶೇಕಡಾ 1 ಮುಂಗಡ ಕಡಿತವಿದೆ. ನಮ್ಮ ಉದಾಹರಣೆಯಲ್ಲಿ ಅದು 140 ರೂಪಾಯಿ. ರಿಟರ್ನ್ ತುಂಬಿದರೆ ಅದು ನಿಮ್ಮ ತೆರಿಗೆಯಲ್ಲಿ ಜಮೆಯಾಗುತ್ತದೆ. ಆದ್ದರಿಂದ ಕೊಂಡ ದಿನ, ಮಾರಿದ ದಿನ, ದರ, ಮೊತ್ತ ಎಲ್ಲವನ್ನೂ ಒಂದು ವಹಿಯಲ್ಲಿ ಬರೆದಿಡಿರಿ.

ಐದನೆಯದು ನಮ್ಮ ಕಡೆ ಬಹಳ ಮುಖ್ಯ. ಅಪರಿಚಿತರಿಗೆ ನೇರವಾಗಿ ಬಿಟ್‌ಕಾಯಿನ್ ಮಾರಿ ಮೊಬೈಲಿನಲ್ಲಿ ರೂಪಾಯಿ ತೆಗೆದುಕೊಳ್ಳುವ ಚಾಳಿ ಇದೆ. ಆ ರೂಪಾಯಿ ಯಾರನ್ನೋ ವಂಚಿಸಿ ತಂದದ್ದಾಗಿದ್ದರೆ, ಪೊಲೀಸರು ಹಣ ಹೋದ ದಾರಿ ಹಿಡಿದು ನಿಮ್ಮ ಖಾತೆಯನ್ನು ತಡೆಹಿಡಿಯಬಹುದು. ದೂರು ಎಲ್ಲೋ ಮೂರನೆಯ ರಾಜ್ಯದ ಠಾಣೆಯಲ್ಲಿ ದಾಖಲಾಗಿರಬಹುದು. ಕಬ್ಬಿನ ಬಿಲ್ಲು, ಹಾಲಿನ ಬಟವಾಡೆ, ಮುದುಕರ ಪಿಂಚಣಿ ಎಲ್ಲ ಅದೇ ಖಾತೆಗೆ ಬರುವ ಮನೆಯಲ್ಲಿ ಇದು ಸಣ್ಣ ಸಂಕಟವಲ್ಲ. ಹಾಗೆಯೇ, ‘ನಿನ್ನ ಖಾತೆ ನಮಗೆ ಬಳಸಲು ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಎಂದು ಕಾಲೇಜು ಹುಡುಗರನ್ನು ಪುಸಲಾಯಿಸುವವರು ಇದ್ದಾರೆ. ಖಾತೆ ಬಾಡಿಗೆಗೆ ಕೊಡುವ ವಸ್ತುವಲ್ಲ. ಅದರಲ್ಲಿ ಬಂದ ಹಣಕ್ಕೆ ಖಾತೆದಾರನೇ ಉತ್ತರ ಹೇಳಬೇಕು.

ಆರನೆಯದು ದುಪ್ಪಟ್ಟಿನ ಆಸೆ. ಗೇನ್ ಬಿಟ್‌ಕಾಯಿನ್ ಎಂಬ ಯೋಜನೆ, ತಿಂಗಳಿಗೆ ಶೇಕಡಾ 10ರಂತೆ 18 ತಿಂಗಳು ಲಾಭ ಕೊಡುತ್ತೇವೆಂದು ಜನರಿಂದ ಬಿಟ್‌ಕಾಯಿನ್ ಕೂಡಿಸಿತು. ಕೊನೆಗೆ ಬಿಟ್‌ಕಾಯಿನ್ನಿನ ಬದಲು ತಾವೇ ಹುಟ್ಟಿಸಿದ ಬೇರೊಂದು ನಾಣ್ಯವನ್ನು ಜನರ ಕೈಗೆ ಹಾಕಿತು. 2018ರಲ್ಲಿ ಪುಣೆ ಪೊಲೀಸರು ಅದರ ಮುಖ್ಯಸ್ಥನನ್ನು ಬಂಧಿಸಿದರು. ಒಂದು ಮಾತು ನೆನಪಿಡಿರಿ: ಬಿಟ್‌ಕಾಯಿನ್ ಸುಮ್ಮನೆ ಇಟ್ಟರೆ ಮರಿ ಹಾಕುವುದಿಲ್ಲ. ಅದಕ್ಕೆ ಬಡ್ಡಿ ಎಂಬುದಿಲ್ಲ. ನಿಶ್ಚಿತ ಲಾಭ ಎಂದವನು, ಇನ್ನಿಬ್ಬರನ್ನು ಸೇರಿಸು ಎಂದವನು ನಿಮ್ಮದೇ ಗಂಟಿನ ಮೇಲೆ ಕಣ್ಣಿಟ್ಟವನು. ಮಾತು ಕನ್ನಡದಲ್ಲಿ ಸಿಹಿಯಾಗಿದ್ದು ಕಾಗದ ಇಂಗ್ಲಿಷಿನಲ್ಲಿದ್ದರೆ, ಓದಬಲ್ಲವರಿಂದ ಓದಿಸದೆ ಸಹಿ ಮಾಡಬೇಡಿರಿ. ಮೋಸವಾದರೆ ನಾಚಿಕೊಂಡು ಕೂಡ್ರದೆ ತಕ್ಷಣ 1930ಕ್ಕೆ ಫೋನು ಮಾಡಿರಿ. ಬರೆದುಕೊಳ್ಳಿರಿ: ಒಂದು, ಒಂಬತ್ತು, ಮೂರು, ಸೊನ್ನೆ. ದೇಶಕ್ಕೆಲ್ಲ ಇದೊಂದೇ ಸಂಖ್ಯೆ, ಗಡಿಯ ಈಚೆಗೂ ಆಚೆಗೂ ನಡೆಯುತ್ತದೆ. ರೂಪಾಯಿ ಇನ್ನೂ ಬ್ಯಾಂಕುಗಳ ನಡುವೆ ಇದ್ದರೆ ತಡೆಯಲು ಸಾಧ್ಯ. ಬಿಟ್‌ಕಾಯಿನ್ ಆಗಿ ಹೋದ ಮೇಲೆ ತಡೆಯುವುದು ಬಹಳ ಕಷ್ಟ.

ಕಂಪ್ಯೂಟರ್ ಕಲಿಯುತ್ತಿರುವ ನಮ್ಮ ಹುಡುಗ ಹುಡುಗಿಯರಿಗೂ ಎರಡು ಮಾತು. ಬಿಟ್‌ಕಾಯಿನ್ನಿನ ತಂತ್ರಾಂಶ ಮುಚ್ಚುಮರೆಯಿಲ್ಲದ್ದು. ಯಾರಾದರೂ ಓದಬಹುದು, ತಿದ್ದುಪಡಿ ಸೂಚಿಸಬಹುದು. ಕಲಿಯುವವರಿಗೆಂದೇ ಟೆಸ್ಟ್‌ನೆಟ್ ಎಂಬ ಅಭ್ಯಾಸದ ಕಿರ್ದಿ ಇದೆ. ಅದರ ನಾಣ್ಯಕ್ಕೆ ಬೆಲೆಯಿಲ್ಲ, ತಪ್ಪಿದರೆ ನಷ್ಟವಿಲ್ಲ. ಅಲ್ಲಿ ಕೈ ಪಳಗಿಸಿಕೊಳ್ಳಿರಿ. ಪ್ರೋಗ್ರಾಮಿನಲ್ಲಿ ಮೊತ್ತವನ್ನು ದಶಾಂಶದಲ್ಲಿ ಇಡದೆ ಸತೋಷಿಯ ಪೂರ್ಣಾಂಕದಲ್ಲಿ ಇಡಿರಿ. ರೂಪಾಯಿ ಲೆಕ್ಕವನ್ನು ಪೈಸೆಯಲ್ಲಿ ಮಾಡಿದಂತೆ, ಆಗ ಚೂರುಪಾರು ತಪ್ಪುವುದಿಲ್ಲ. ಗುಪ್ತ ಕೀಲಿಕೈಯನ್ನು ಪ್ರೋಗ್ರಾಮಿನೊಳಗೆ ಬರೆದು ಹತ್ತು ಜನ ನೋಡುವ ಕಡೆ ಇಡಬೇಡಿರಿ. ಹೊಣೆಯ ಕೆಲಸ ಕಲಿತವರಿಗೆ ಇದರಲ್ಲಿ ಉದ್ಯೋಗವೂ ಉಂಟು. ನಾಣ್ಯ ಕೊಳ್ಳದೆಯೇ ಈ ವಿದ್ಯೆ ಕಲಿಯಬಹುದು.

ಕೊನೆಯದಾಗಿ ವಾರಸುದಾರರ ಮಾತು. ಬಿಟ್‌ಕಾಯಿನ್ ಕಿರ್ದಿಯಲ್ಲಿ ನಾಮಿನಿಯ ಕಾಲಮು ಇಲ್ಲ. ನೀವು ಕೀಲಿಕೈಯ ಗುಟ್ಟನ್ನು ನಿಮ್ಮೊಡನೆಯೇ ಒಯ್ದರೆ, ಆ ಹಣ ಕಿರ್ದಿಯಲ್ಲಿ ಎಲ್ಲರಿಗೂ ಕಾಣುತ್ತ, ಯಾರ ಕೈಗೂ ಸಿಗದೆ ಉಳಿದುಬಿಡುತ್ತದೆ. ನ್ಯಾಯಾಲಯದ ವಾರಸಾ ಪತ್ರ ತಂದರೂ ಆ ಬೀಗ ತೆರೆಯುವುದಿಲ್ಲ. ಆದ್ದರಿಂದ ಇಂಥದ್ದೊಂದು ಇದೆ, ಅದರ ಕಾಗದ ಇಂಥಲ್ಲಿ ಇದೆ ಎಂದು ಮನೆಯಲ್ಲಿ ನಂಬಿಕೆಯ ಒಬ್ಬರಿಗಾದರೂ ತಿಳಿಸಿರಿ. ಆ ಹನ್ನೆರಡು ಶಬ್ದಗಳನ್ನು ಮೃತ್ಯುಪತ್ರದಲ್ಲಿ ಬರೆಯಬೇಡಿರಿ, ಏಕೆಂದರೆ ಮೃತ್ಯುಪತ್ರವನ್ನು ಹಲವರು ಓದುತ್ತಾರೆ. ಶಬ್ದಗಳು ಇರುವ ಜಾಗವನ್ನು ಮಾತ್ರ ತಿಳಿಸಿದರೆ ಸಾಕು. ಗಂಡ ಕೊಂಡದ್ದು ಹೆಂಡತಿಗೆ ಗೊತ್ತಿರಲಿ, ಮಗ ಕೊಂಡದ್ದು ತಾಯಿಗೆ ಗೊತ್ತಿರಲಿ. ಮನೆಯವರಿಗೆ ಹೇಳಲು ಬಾಯಿ ಬಾರದ ವ್ಯವಹಾರವಾದರೆ, ಅದನ್ನು ಮಾಡದಿರುವುದೇ ಲೇಸು.