ಕೂಸು ಬರುವ ಮನೆಯ ಸಿದ್ಧತೆ

ಬಿತ್ತನೆಗೆ ಮುಂಚೆ ನಾವು ಬೀಜ ಆರಿಸುತ್ತೇವೆ, ಮಡಿ ಹದ ಮಾಡುತ್ತೇವೆ, ಗೊಬ್ಬರ ಒದಗಿಸಿಕೊಳ್ಳುತ್ತೇವೆ. ಕೂಸಿನ ವಿಷಯದಲ್ಲಿ ಮಾತ್ರ "ನೋವು ಬರಲಿ, ಆಮೇಲೆ ನೋಡೋಣ" ಎಂದು ಕುಳಿತಿರುವ ಮನೆಗಳು ಇನ್ನೂ ಇವೆ. ಏಳು ತಿಂಗಳು ತುಂಬಿದೊಡನೆ ಈ ಕೆಲಸಕ್ಕೆ ತೊಡಗಬೇಕು. ದಿನ ತುಂಬುವ ಮುನ್ನವೇ ಬರುವ ಮಕ್ಕಳೂ ಉಂಟು.

ಮೊದಲು ಬಟ್ಟೆ. ಕೂಸು ಹುಟ್ಟುವ ಮುನ್ನ ಹೊಸ ಬಟ್ಟೆ ತರಬಾರದೆಂಬ ನಂಬಿಕೆ ಹಲವು ಮನೆಗಳಲ್ಲಿದೆ. ತರುವುದು ಬೇಡವೇ ಬೇಡ. ಉಟ್ಟು ಮೆದುವಾದ ನೂಲಿನ ಸೀರೆ, ಪಂಚೆಗಳಿಗಿಂತ ಒಳ್ಳೆಯ ಬಟ್ಟೆ ಅಂಗಡಿಯಲ್ಲಿಲ್ಲ. ಅವನ್ನು ಸೋಪು ಹಾಕಿ ಒಗೆದು, ಬಿಸಿಲಿನಲ್ಲಿ ಒಣಗಿಸಿ, ಚೌಕ ತುಂಡು ಮಾಡಿ, ಶುದ್ಧವಾದ ಚೀಲದಲ್ಲಿ ಕಟ್ಟಿಡಿ. ಲಂಗೋಟಿಗೆ ಎರಡು ಡಜನ್ ತುಂಡಾದರೂ ಇರಲಿ. ಮಳೆಗಾಲವಾದರೆ ಇನ್ನೊಂದು ಡಜನ್ ಸೇರಿಸಿ. ಒರೆಸಲು ಒಂದು ದಪ್ಪ ಬಟ್ಟೆ, ಸುತ್ತಲು ಮತ್ತೊಂದು, ಎರಡು ಕುಲಾವಿ, ಕಾಲುಚೀಲ, ಇವು ಕೈಗೆ ಸಿಗುವಂತೆ ಮೇಲೆಯೇ ಇರಲಿ.

ಒರೆಸುವ ಬಟ್ಟೆ, ಸುತ್ತುವ ಬಟ್ಟೆ ಬೇರೆ ಬೇರೆ ಏಕೆ? ಹುಟ್ಟಿದ ಕೂಸಿನ ಮೈ ತೊಯ್ದಿರುತ್ತದೆ. ನಮ್ಮಂತೆ ನಡುಗಿ ಮೈ ಬಿಸಿ ಮಾಡಿಕೊಳ್ಳಲು ಅದಕ್ಕೆ ಬಾರದು. ಒದ್ದೆ ಬಟ್ಟೆಯಲ್ಲೇ ಸುತ್ತಿದರೆ ಬೇಗನೆ ತಣ್ಣಗಾಗುತ್ತದೆ; ತಣ್ಣಗಾದ ಕೂಸು ಹಾಲು ಚೀಪಲಾರದು. ಆದುದರಿಂದ ಒದ್ದೆಯನ್ನು ತೆಗೆದುಹಾಕಿ, ತಾಯಿಯ ಎದೆಯ ಮೇಲೆ ಬರಿಮೈಯಲ್ಲಿ ಮಲಗಿಸಿ, ಒಣ ಬಟ್ಟೆ ಹೊದಿಸಬೇಕು. ಸ್ನಾನ ಕಡೆಯ ಪಕ್ಷ ಒಂದು ದಿನ ತಡೆಯಲಿ. ತೂಕ ಕಡಿಮೆಯಾದ ಕೂಸಿಗಂತೂ ಎದೆಗವಚಿ ಇಡುವುದೇ ದೊಡ್ಡ ಮದ್ದು. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಆರಂಭವಾದ ಈ ಪದ್ಧತಿಗೆ ಕಾಂಗರೂ ಆರೈಕೆ ಎಂದು ಹೆಸರು.

ಇನ್ನು ಕೋಣೆ. ಬೇಸಾಯದ ಕೆಲಸದವನಾಗಿ ಇದನ್ನು ಒತ್ತಿ ಹೇಳಬೇಕಾಗಿದೆ. ಬಾಣಂತಿಗೆ ನಾವು ಬಿಟ್ಟುಕೊಡುವುದು ಗಾಳಿಯಾಡದ ಒಳಕೋಣೆ. ವರ್ಷವೆಲ್ಲ ಕಾಳಿನ ಮೂಟೆ, ಗೊಬ್ಬರ, ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿ ಇರುವುದೂ ಅನೇಕ ಮನೆಗಳಲ್ಲಿ ಅಲ್ಲಿಯೇ. ಕಾಳಿಗೆ ಹುಳು ಹಿಡಿಯದಿರಲೆಂದು ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವಕ್ಕೆ ವಿಷಾನಿಲ ಬಿಡುತ್ತದೆ. ಅದಿರುವ ಕೋಣೆಯಲ್ಲಾಗಲಿ ಪಕ್ಕದ ಕೋಣೆಯಲ್ಲಾಗಲಿ ಯಾರೂ ಮಲಗತಕ್ಕದ್ದಲ್ಲ. ತಿಂಗಳ ಮುಂಚೆಯೇ ಎಲ್ಲವನ್ನೂ ಹೊರಗೆ ಸಾಗಿಸಿ, ಸುಣ್ಣ ಬಳಿದು, ಕಿಟಕಿ ತೆರೆದಿಡಿ. ಗೊಬ್ಬರದ ಚೀಲವನ್ನು ಹಾಸಿಗೆಯಡಿ ಹಾಸಬೇಡಿ. ನುಸಿಗುಳಿಗೆ ಹಾಕಿಟ್ಟ ಬಟ್ಟೆಯನ್ನು ಕೂಸಿಗೆ ತೊಡಿಸಬೇಡಿ. ಅದರಿಂದ ಕೆಲವು ಶಿಶುಗಳ ರಕ್ತ ಕೆಟ್ಟು ಕಾಮಾಲೆ ಏರುತ್ತದೆ. ಬಾಗಿಲು ಮುಚ್ಚಿ ಮಂಚದಡಿ ಕೆಂಡದ ಅಗ್ಗಿಷ್ಟಿಕೆ ಇಟ್ಟರೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ.

ಹೊಕ್ಕುಳಿಗೆ ಸಿದ್ಧಪಡಿಸಬೇಕಾದ ಪದಾರ್ಥ ಯಾವುದೂ ಇಲ್ಲ. ಬೂದಿ, ಅರಿಸಿನ, ಎಣ್ಣೆ ಏನೂ ಬೇಡ. ಒಣಗಲು ಬಿಟ್ಟರೆ ತಾನೇ ಉದುರುತ್ತದೆ. ಧನುರ್ವಾಯುವಿನ ರೋಗಾಣು ಇರುವುದು ಮಣ್ಣು, ಸೆಗಣಿಯಲ್ಲಿ. ಹೊಲಕ್ಕೆ ಚಿನ್ನವಾದದ್ದು ಹೊಕ್ಕುಳಿಗೆ ವಿಷ. ಗರ್ಭಿಣಿಯರ ಚುಚ್ಚುಮದ್ದು ಮತ್ತು ಶುದ್ಧ ಹೆರಿಗೆಯ ಫಲವಾಗಿ ಭಾರತದಲ್ಲಿ ಬಾಣಂತಿ ಮತ್ತು ಹಸುಗೂಸುಗಳ ಧನುರ್ವಾಯು ನಿವಾರಣೆಯಾಯಿತೆಂದು 2015ರಲ್ಲಿ ಘೋಷಿಸಲಾಯಿತು. ರೋಗಾಣುವಾದರೋ ಮಣ್ಣಿನಲ್ಲಿ ಇದ್ದೇ ಇದೆ.

ಹಾಲಿನ ಬಾಟಲಿ, ಜೇನು, ಸಕ್ಕರೆ ನೀರು, ಬಜೆ ಇವನ್ನು ಪಟ್ಟಿಯಿಂದ ತೆಗೆದುಬಿಡಿ. ಅಜ್ಜಿಯಂದಿರು ಬೇಸರಪಡದಿರಲಿ. ಕರುವಿಗೆ ತಪ್ಪದೆ ಗಿಣ್ಣು ಕುಡಿಸುವ ನಾವು ಕೂಸಿನ ಪಾಲಿನ ಮೊದಲ ಹಾಲನ್ನು ಹಿಂಡಿ ಚೆಲ್ಲುವುದು ಯಾವ ನ್ಯಾಯ? ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಾಕಬೇಕು. ಆರು ತಿಂಗಳು ತಾಯಿಹಾಲಲ್ಲದೆ ನೀರೂ ಬೇಡ.

ಬಟ್ಟೆಯ ಚೀಲದಲ್ಲೇ ತಾಯಿ ಕಾರ್ಡ್ ಇರಲಿ. ತವರಿಗೆ ಹೋಗುವಾಗ ಅದು ಗಂಡನ ಮನೆಯಲ್ಲಿ ಉಳಿಯಬಾರದು. ನೋವು ಕಂಡೊಡನೆ 108ಕ್ಕೆ ಫೋನು ಮಾಡಿ. ಗಾಡಿ ಬರುವ ಮುನ್ನವೇ ಕೂಸು ಹುಟ್ಟಿದರೆ ಕುಡುಗೋಲಿಗೆ ಕೈ ಹಾಕಬೇಡಿ. ಬಳ್ಳಿಯನ್ನು ಹಾಗೆಯೇ ಬಿಟ್ಟು, ಕೂಸನ್ನು ಒರೆಸಿ ತಾಯಿಯ ಎದೆಯ ಮೇಲಿಡಿ. ಆಸ್ಪತ್ರೆಯಿಂದ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದು ಕೂಸಿನ ತೂಕ, ಮೈಬಿಸಿ ನೋಡಬೇಕು. ಆ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ಬಾರದಿದ್ದರೆ ಹೇಳಿಕಳುಹಿಸಿ. ನಡುವೆ ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಉಸಿರು ಬಿರುಸಾದರೆ ಆ ದಿನಕ್ಕೆ ಕಾಯದೆ ಒಡನೆ ಆಸ್ಪತ್ರೆಗೆ ಕರೆದೊಯ್ಯಿರಿ.