ಐಫೋನ್ 3ಜಿ: ವರ್ತಕರ ಲೆಕ್ಕದಲ್ಲಿ ಅದರ ಗುಣದೋಷ

2008ರ ಆಗಸ್ಟ್ 22ರಂದು ಆಪಲ್ ಸಂಸ್ಥೆಯ ಐಫೋನ್ 3ಜಿ ಭಾರತದ ಮಾರುಕಟ್ಟೆಗೆ ಬಂದಿತು. ಏರ್‌ಟೆಲ್ ಮತ್ತು ವೊಡಾಫೋನ್ ಕಂಪನಿಗಳ ಮೂಲಕ ಮಾರಾಟವಾದ ಈ ಫೋನಿನ ಬೆಲೆ 8 ಜಿಬಿ ಮಾದರಿಗೆ 31,000 ರೂ., 16 ಜಿಬಿ ಮಾದರಿಗೆ 36,100 ರೂ. ಆಗಿತ್ತು. ಸಂಡೂರು ಸೀಮೆಯಲ್ಲಿ ಕಬ್ಬಿಣದ ಅದಿರಿನ ವಹಿವಾಟು ಭರದಿಂದ ಸಾಗಿದ್ದ ಕಾಲವದು. ಬಂಡ್ರಿ, ಸಂಡೂರು, ಹೊಸಪೇಟೆಗಳ ಲಾರಿ ಮಾಲೀಕರಿಗೂ ಕಂಪ್ಲಿಯ ಅಕ್ಕಿ ಗಿರಣಿಯವರಿಗೂ ಫೋನೇ ಅರ್ಧ ಕಚೇರಿ. ಲಾರಿ ಎಲ್ಲಿದೆ, ತೂಕ ಎಷ್ಟು ಬಂತು, ದಲ್ಲಾಳಿ ಯಾವ ದರ ಹೇಳಿದ ಎಂಬುದೆಲ್ಲ ಅದರಲ್ಲೇ ಇತ್ಯರ್ಥವಾಗುತ್ತಿತ್ತು. ಅಂಥವರಿಗೆ ಈ ಫೋನು ತಕ್ಕುದಾಗಿತ್ತೆ? ಚಾಲಕರ ಕೈಯಲ್ಲೂ ಸ್ಪರ್ಶಪರದೆಯ ಫೋನಿರುವ ಈಗ ಪ್ರಶ್ನೆ ಹಳತೆನಿಸಬಹುದು. ಆದರೆ ಹೊಸ ಯಂತ್ರವೊಂದರ ಬೆಲೆಗೂ ಅದರ ನಿಜವಾದ ವೆಚ್ಚಕ್ಕೂ ಇರುವ ಅಂತರವನ್ನು ಅರಿಯಲು ಇದು ಒಳ್ಳೆಯ ನಿದರ್ಶನ.

ಮೊದಲು ಬೆಲೆಯನ್ನೇ ನೋಡೋಣ. ಇದೇ ಫೋನು ಅಮೆರಿಕದಲ್ಲಿ 199 ಡಾಲರಿಗೆ ದೊರೆಯುತ್ತಿತ್ತು. ಡಾಲರಿಗೆ ಸುಮಾರು 43 ರೂ. ಇದ್ದ ಅಂದಿನ ದರದಲ್ಲಿ ಅದು ಎಂಟೂವರೆ ಸಾವಿರ ರೂಪಾಯಿ. ಅಲ್ಲಿನವರಿಗೆ ಎಂಟೂವರೆ ಸಾವಿರ, ಇಲ್ಲಿನವರಿಗೆ ಮೂವತ್ತೊಂದು ಸಾವಿರವೇ ಎಂಬ ಅಸಮಾಧಾನ ಅಂದು ಸಾಮಾನ್ಯವಾಗಿತ್ತು. ಅಮೆರಿಕದ ಗ್ರಾಹಕನು ಎರಡು ವರ್ಷಗಳ ಕರಾರಿಗೆ ಸಹಿ ಹಾಕಿ ತಿಂಗಳಿಗೆ ಕನಿಷ್ಠ 70 ಡಾಲರ್ ಕಟ್ಟಬೇಕಿತ್ತೆಂಬುದನ್ನು ಅನೇಕರು ಗಮನಿಸಲಿಲ್ಲ. 24 ತಿಂಗಳಿಗೆ 1,680 ಡಾಲರ್, ಮೇಲೆ 199. ಒಟ್ಟು ಎಂಬತ್ತು ಸಾವಿರ ರೂಪಾಯಿಗೂ ಮಿಕ್ಕಿತು. ಅರ್ಥಾತ್ 199 ಡಾಲರ್ ಬೆಲೆಯಲ್ಲ, ಮುಂಗಡ. ಕಂತಿನ ಮೇಲೆ ಲಾರಿ ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾರತದ ಗ್ರಾಹಕನು ಪೂರ್ತಿ ಹಣವನ್ನು ಒಮ್ಮೆಗೇ ತೆತ್ತು, ಮಾಸಿಕ ಬಿಲ್ಲನ್ನು ತನ್ನ ಬಳಕೆಗೆ ತಕ್ಕಂತೆ ಇಟ್ಟುಕೊಳ್ಳಬಹುದಾಗಿತ್ತು. ಮೋಸವೆನ್ನುವಂಥದು ಇದರಲ್ಲಿರಲಿಲ್ಲ, ಆದರೆ ದುಡಿಯುವ ಬಂಡವಾಳದಿಂದ ಒಂದೇ ದಿನ 31,000 ರೂ. ಹೊರಹೋಗುತ್ತಿತ್ತು.

ಕೊಟ್ಟ ಹಣಕ್ಕೆ ಬಂದದ್ದೇನು? ಮೂರೂವರೆ ಅಂಗುಲದ ಗಾಜಿನ ಪರದೆ, ಬೆರಳ ತುದಿ ತಾಗಿದರೆ ಸಾಕೆನ್ನುವ ನಯ. ಇ-ಮೇಲಿಗೆ ಲಗತ್ತಿಸಿದ ಪಿಡಿಎಫ್, ವರ್ಡ್, ಎಕ್ಸೆಲ್ ಕಡತಗಳನ್ನು ಅದರಲ್ಲಿ ತೆರೆದು ಓದಬಹುದಿತ್ತು. ಅದಿರಿನ ಕಬ್ಬಿಣಾಂಶದ ಪರೀಕ್ಷಾ ವರದಿಯಾಗಲಿ, ಟೆಂಡರ್ ಪ್ರಕಟಣೆಯಾಗಲಿ ಕಚೇರಿಗೆ ಹಿಂದಿರುಗುವ ಮುನ್ನವೇ ಕಣ್ಣಿಗೆ ಬೀಳುತ್ತಿತ್ತು. ವೆಬ್ ಪುಟವನ್ನು ಇಡಿಯಾಗಿ ತೋರಿಸುವುದರಲ್ಲಿ ಆಗಿನ ಫೋನುಗಳ ಪೈಕಿ ಇದಕ್ಕೆ ಸಾಟಿಯಾದವು ವಿರಳ. ಹತ್ತು ಬಾರಿ ತಪ್ಪು ಸಂಕೇತ ಒತ್ತಿದರೆ ಮಾಹಿತಿಯೆಲ್ಲ ಅಳಿಸಿಹೋಗುವ ಏರ್ಪಾಡೂ ಇತ್ತು. ಗಿರಾಕಿಗಳ ಪಟ್ಟಿ, ದರದ ಪತ್ರಗಳನ್ನು ಜೇಬಿನಲ್ಲಿಟ್ಟು ತಿರುಗುವವರಿಗೆ ಇದು ಸಣ್ಣ ಮಾತಲ್ಲ.

ಇನ್ನು ದೋಷಗಳು. ದಲ್ಲಾಳಿಯಿಂದ ಬಂದ ದರದ ಎಸ್ಸೆಮ್ಮೆಸ್ಸನ್ನು ಪಾಲುದಾರನಿಗೆ ರವಾನಿಸಲು ಈ ಫೋನಿನಲ್ಲಿ ಆಗುತ್ತಿರಲಿಲ್ಲ. ಲಾರಿ ನಂಬರು, ಚಾಲಕನ ಫೋನ್ ನಂಬರು ಇರುವ ಸಂದೇಶವನ್ನು ತೂಕದ ಕಟ್ಟೆಗೆ ಕಳಿಸಬೇಕಾದರೆ ಚೀಟಿಯಲ್ಲಿ ಬರೆದುಕೊಂಡು ಹೊಸದಾಗಿ ಒತ್ತಬೇಕಿತ್ತು. ಒಂದೆಡೆಯ ಅಕ್ಷರಗಳನ್ನು ನಕಲಿಸಿ ಇನ್ನೊಂದೆಡೆ ಅಂಟಿಸುವ ಸೌಕರ್ಯವೂ ಇರಲಿಲ್ಲ. ಬ್ಲೂಟೂತ್ ಇದ್ದರೂ ಅದರಿಂದ ಪಕ್ಕದವರ ಫೋನಿಗೆ ಚಿತ್ರವನ್ನಾಗಲಿ ವಿಳಾಸವನ್ನಾಗಲಿ ಕೊಡಲಾಗುತ್ತಿರಲಿಲ್ಲ. ಎಕ್ಸೆಲ್ ಕಡತವನ್ನು ನೋಡಬಹುದಿತ್ತೇ ಹೊರತು ತಿದ್ದುವಂತಿರಲಿಲ್ಲ. ಫ್ಲ್ಯಾಶ್ ಅಥವಾ ಜಾವಾ ಬೇಡುವ ಜಾಲತಾಣಗಳು ತೆರೆಯುತ್ತಿರಲಿಲ್ಲ. ಲೆಕ್ಕಪರಿಶೋಧನೆಗೆ ಒಳಪಟ್ಟವರು ತೆರಿಗೆಯನ್ನು ಅಂತರ್ಜಾಲದ ಮೂಲಕವೇ ಪಾವತಿಸಬೇಕೆಂಬ ನಿಯಮ 2008ರ ಏಪ್ರಿಲ್ 1ರಿಂದ ಜಾರಿಯಲ್ಲಿತ್ತು. ಕಂಪನಿ ವ್ಯವಹಾರಗಳ ಇಲಾಖೆಗೆ ಬೇಕಾದ ಡಿಜಿಟಲ್ ಸಹಿಯ ಟೋಕನ್ನನ್ನು ಈ ಫೋನಿಗೆ ಜೋಡಿಸುವಂತಿರಲಿಲ್ಲ. ಹೀಗಾಗಿ ಕಚೇರಿಯ ಕಂಪ್ಯೂಟರ್ ಉಳಿಯಲೇಬೇಕಿತ್ತು, ಅದರ ಮೇಲೆ ಇದೊಂದು ಹೆಚ್ಚುವರಿ.

ಪರದೆಯ ಬಗೆಯೂ ವಿಚಾರಾರ್ಹ. ಬೆರಳಿನ ಚರ್ಮ ವಿದ್ಯುತ್ತನ್ನು ವಹಿಸುವುದರಿಂದ, ಬೆರಳು ತಾಗಿದ ಜಾಗದಲ್ಲಿ ಗಾಜಿನ ವಿದ್ಯುತ್ ಕ್ಷೇತ್ರ ಬದಲಾಗುತ್ತದೆ. ಫೋನು ಸ್ಪರ್ಶವನ್ನು ಗುರುತಿಸುವುದು ಇದರಿಂದಲೇ. ಉಗುರು, ಪೆನ್ನಿನ ತುದಿ, ಕೈಗವಸು ಇವಾವುದಕ್ಕೂ ಅದು ಓಗೊಡುತ್ತಿರಲಿಲ್ಲ. ಲೋಡಿಂಗ್ ಜಾಗದಲ್ಲಿ ಕೈಗವಸು ತೊಟ್ಟವನು ಕರೆ ಬಂದಾಗಲೆಲ್ಲ ಅದನ್ನು ಕಳಚಬೇಕು. ಬೆವರಿದ ಬೆರಳಾದರೆ ಒತ್ತಿದ್ದು ಒಂದು, ಆದದ್ದು ಇನ್ನೊಂದು. ಅದೇ ಕಾಲದ ನೋಕಿಯಾ 5800ರ ಪರದೆ ಒತ್ತಡದಿಂದ ಕೆಲಸ ಮಾಡುವಂಥದು. ನಯ ಕಡಿಮೆಯಾದರೂ ಅದಕ್ಕೆ ಕಡ್ಡಿಯಾದರೂ ಸರಿ, ಉಗುರಾದರೂ ಸರಿ. 2003ರಲ್ಲಿ ಬಂದ ನೋಕಿಯಾ 1100ರ ಮಾತಂತೂ ಬೇರೆಯೇ. ಧೂಳು ಒಳಹೋಗದ ಕೀಲಿಮಣೆ, ತುದಿಯಲ್ಲೊಂದು ಟಾರ್ಚು. ಸಂಡೂರಿನ ಕೆಂಪು ಧೂಳಿಗೂ ಕರೆಂಟಿಲ್ಲದ ಗೋದಾಮಿಗೂ ಹೇಳಿ ಮಾಡಿಸಿದಂತಿತ್ತು. ಎಸ್ಸೆಮ್ಮೆಸ್ಸನ್ನು ಮುಂದಕ್ಕೆ ಕಳಿಸುವುದು ಅದಕ್ಕೂ ಗೊತ್ತಿತ್ತು!

ಬ್ಯಾಟರಿಯನ್ನು ಬಳಕೆದಾರನೇ ತೆಗೆದು ಬದಲಾಯಿಸುವಂತಿರಲಿಲ್ಲ. ಹಳ್ಳಿಗಳಲ್ಲಿ ವಿದ್ಯುತ್ ಕಡಿತ ಮಾಮೂಲಾಗಿದ್ದ ಆ ವರ್ಷಗಳಲ್ಲಿ ಇನ್ನೊಂದು ಬ್ಯಾಟರಿಯನ್ನು ಜೇಬಿನಲ್ಲಿಟ್ಟುಕೊಳ್ಳುವ ರೂಢಿಗೆ ಇದು ಒಗ್ಗಲಿಲ್ಲ. ಹೆಸರಿನಲ್ಲೇ ಇದ್ದ 3ಜಿಯಂತೂ ಬಹುಕಾಲ ಹೆಸರಿಗಷ್ಟೇ. ಖಾಸಗಿ ಕಂಪನಿಗಳಿಗೆ 3ಜಿ ತರಂಗಾಂತರದ ಹರಾಜು ನಡೆದದ್ದು 2010ರಲ್ಲಿ. ಇಲ್ಲದ ಸೇವೆಯ ಯಂತ್ರಭಾಗಕ್ಕೆ ಗ್ರಾಹಕರು ಮುಂಗಡವಾಗಿಯೇ ಹಣ ತೆತ್ತಿದ್ದರು. ಕನ್ನಡದಲ್ಲಿ ಬರೆಯುವ ಕೀಲಿಮಣೆಯೂ ಇರಲಿಲ್ಲ. ಐಫೋನಿನ ತಂತ್ರಾಂಶದಲ್ಲಿ ಅದು ಸೇರಿದ್ದು 2017ರಲ್ಲಿ, ಐಓಎಸ್ 11ರೊಂದಿಗೆ.

ಆದರೂ ಒಂದು ಗುಣವನ್ನು ಜಮಾ ಬದಿಗೆ ಹಾಕಲೇಬೇಕು. 2009ರ ಜೂನಿನಲ್ಲಿ ಬಂದ 3.0 ತಂತ್ರಾಂಶವು ನಕಲು-ಅಂಟಿಸುವಿಕೆ, ಸಂದೇಶ ರವಾನೆ ಎರಡನ್ನೂ ಹಳೆಯ ಫೋನಿಗೇ ಬಿಟ್ಟಿಯಾಗಿ ತಂದುಕೊಟ್ಟಿತು. ಕೊಂಡ ಮೇಲೆ ಉತ್ತಮಗೊಳ್ಳುವ ಯಂತ್ರ ವರ್ತಕರಿಗೆ ಹೊಸ ಅನುಭವ. ಹಿಂದೆಯೇ ಅದರ ಇನ್ನೊಂದು ಮುಖವೂ ಕಂಡಿತು. 2010ರ ಐಓಎಸ್ 4 ಹಾಕಿಕೊಂಡ ಐಫೋನ್ 3ಜಿಗಳು ನಿಧಾನವಾದವು. ಅದೇ ನವೆಂಬರಿನ 4.2.1 ಈ ಮಾದರಿಗೆ ಕೊನೆಯ ತಂತ್ರಾಂಶವಾಯಿತು. ಭಾರತದಲ್ಲಿ ಮಾರಾಟ ಆರಂಭವಾಗಿ ಆಗ ಎರಡು ವರ್ಷ ಮೂರು ತಿಂಗಳಷ್ಟೆ.

ಲೆಕ್ಕಪುಸ್ತಕ ಮಾತ್ರ ಈ ಆಯುಷ್ಯವನ್ನು ಒಪ್ಪಲಿಲ್ಲ. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯಿದೆಯಡಿ ಕಂಪ್ಯೂಟರಿಗೆ ಶೇ. 60 ಸವಕಳಿ, ಸಾಮಾನ್ಯ ಯಂತ್ರೋಪಕರಣಕ್ಕೆ ಶೇ. 15. ಇ-ಮೇಲ್ ಓದುವ, ತಂತ್ರಾಂಶ ನಡೆಸುವ ಫೋನು ಕಂಪ್ಯೂಟರೇ ಅಲ್ಲವೆ ಎಂಬ ವಾದ ಸಹಜವಾದುದೇ. ಆದರೆ ಫೆಡರಲ್ ಬ್ಯಾಂಕ್ ಪ್ರಕರಣದಲ್ಲಿ ಕೇರಳ ಹೈಕೋರ್ಟು ಮೊಬೈಲ್ ಫೋನಿಗೆ ಕಂಪ್ಯೂಟರಿನ ದರ ಸಲ್ಲದೆಂದಿತು. ಬಂಡ್ರಿಯ ಲಾರಿ ಮಾಲೀಕರೊಬ್ಬರು ಮಾರಾಟ ಆರಂಭವಾದ ದಿನವೇ 31,000 ರೂ.ಗೆ ಇದನ್ನು ಕೊಂಡರೆಂದು ಭಾವಿಸೋಣ. ಆ ಆರ್ಥಿಕ ವರ್ಷದಲ್ಲಿ 180 ದಿನಗಳಿಗೂ ಮೀರಿ ಬಳಸಿದ್ದರಿಂದ ಪೂರ್ತಿ ಸವಕಳಿ ಲಭ್ಯ. ಮೊದಲ ವರ್ಷ 4,650 ರೂ. ಕಳೆದು 26,350, ಎರಡನೆಯ ವರ್ಷದ ಕೊನೆಗೆ 22,398, 2011ರ ಮಾರ್ಚ್ 31ಕ್ಕೆ 19,038 ರೂ. ಶೇ. 60ರ ದರ ಸಿಕ್ಕಿದ್ದರೆ ಅದೇ ದಿನ ಪುಸ್ತಕದಲ್ಲಿ ಉಳಿಯುತ್ತಿದ್ದುದು 1,984 ರೂ. ಶೇ. 30ರ ತೆರಿಗೆ ಕಟ್ಟುವವರಿಗೆ ಈ ಮೂರು ವರ್ಷಗಳಲ್ಲಿ ಸುಮಾರು 5,100 ರೂ. ತೆರಿಗೆ ಉಳಿತಾಯ ಮುಂದಕ್ಕೆ ಹೋದಂತಾಯಿತು. ಮನೆಮಂದಿಯ ಬಳಕೆಯೂ ಇದ್ದರೆ ಸವಕಳಿಯಲ್ಲಿ ಅಷ್ಟು ಭಾಗಕ್ಕೆ ಕತ್ತರಿ. ಪಾಲುದಾರಿಕೆ ಸಂಸ್ಥೆಗಳಿಗೂ ಕಂಪನಿಗಳಿಗೂ ಫೋನ್ ಬಿಲ್ಲಿನ ಶೇ. 20ರಷ್ಟರ ಮೇಲೆ ಫ್ರಿಂಜ್ ಬೆನಿಫಿಟ್ ತೆರಿಗೆಯ ಕಿರುಕುಳವಿತ್ತು. 2009ರ ಬಜೆಟ್ಟಿನಲ್ಲಿ ಅದು ರದ್ದಾಯಿತು.

ಆ ಮಾಲೀಕರು 2011ರ ಏಪ್ರಿಲಿನಲ್ಲಿ ಫೋನನ್ನು ಮಾರಲು ಹೊರಟರೆ ಬರುವ ಹಣ 19,038ಕ್ಕಿಂತ ಬಹಳ ಕಡಿಮೆ. ಈ ನಷ್ಟವನ್ನು ಆ ವರ್ಷದ ಲಾಭದಿಂದ ಕಳೆಯುವ ಹಾಗೂ ಇರಲಿಲ್ಲ. ತೆರಿಗೆಯ ಲೆಕ್ಕದಲ್ಲಿ ಫೋನು ಬಿಡಿ ಆಸ್ತಿಯಲ್ಲ; ಶೇ. 15ರ ಇತರ ಯಂತ್ರಗಳೊಡನೆ ಒಂದೇ ಆಸ್ತಿ ಸಮೂಹಕ್ಕೆ ಸೇರಿದ್ದು. ಮಾರಿದ ಹಣ ಆ ಸಮೂಹದ ಮೌಲ್ಯದಿಂದ ಕಳೆದುಹೋಗಿ, ಉಳಿದ ಮೊತ್ತ ವರ್ಷ ವರ್ಷವೂ ಶೇ. 15ರಂತೆ ಕರಗುತ್ತಿತ್ತು. ಫೋನು ಮಕ್ಕಳ ಆಟಿಕೆಯಾದ ಮೇಲೂ ಅದರ ಬೆಲೆಯ ಒಂದಂಶ ತೂಕದ ಯಂತ್ರ, ಜನರೇಟರುಗಳ ಜೊತೆಯಲ್ಲಿ ಸವಕಳಿ ತಖ್ತೆಯಲ್ಲಿ ಉಳಿದಿರುತ್ತಿತ್ತು.